ಕೆಲಸ ಕಲಿಸುವ ಕರಾರು



ನಮ್ಮಲ್ಲಿ ಹೆಚ್ಚಿನವರು ಈ ದೇಶಕ್ಕೆ ಬಂದದ್ದು ಕೆಲಸಕ್ಕಾಗಿ. ಈಗ ಹಲವರು ಕೆಲಸ ಕೊಡುವವರೂ ಆಗಿದ್ದೇವೆ. ಒಬ್ಬರದು ಕ್ಲಿನಿಕ್, ಇನ್ನೊಬ್ಬರದು ಔಷಧದಂಗಡಿ, ಮತ್ತೊಬ್ಬರದು ಹತ್ತು ಹದಿನೈದು ಜನರ ಸಾಫ್ಟ್‌ವೇರ್ ಕಂಪನಿ. ಹಬ್ಬದೂಟದ ಪಂಕ್ತಿಯಲ್ಲಿ ಇವರೆಲ್ಲ ಹೇಳುವುದು ಒಂದೇ ಮಾತು: "ಕೆಲಸ ಬಲ್ಲವರು ಸಿಗುವುದೇ ಇಲ್ಲ." ಬಲ್ಲವರನ್ನು ಹುಡುಕುತ್ತ ಕೂರುವ ಬದಲು ನಮ್ಮಲ್ಲೇ ತಯಾರು ಮಾಡಿಕೊಳ್ಳುವ ಹಳೆಯ ಪದ್ಧತಿಯೊಂದಿದೆ. ಅದೇ ಅಪ್ರೆಂಟಿಸ್‌ಶಿಪ್. ಆ ಪದ್ಧತಿ ಎಲ್ಲಿ ಗೆದ್ದಿತು, ಎಲ್ಲಿ ಕೆಟ್ಟಿತು ಎಂಬುದಕ್ಕೆ ನಾವಿರುವ ಮೇರಿಲ್ಯಾಂಡ್ ರಾಜ್ಯದ ಚರಿತ್ರೆಯಲ್ಲೇ ಒಳ್ಳೆಯ ಸಾಕ್ಷಿಗಳಿವೆ. ಅವನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಹಲ್ಲು ಕತ್ತರಿಸಿದ ಕಾಗದ

ಈ ಪದ್ಧತಿ ಅಮೆರಿಕಕ್ಕೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1563ರ ಕಾನೂನೊಂದು ಕಸುಬು ಮಾಡಬೇಕೆನ್ನುವವನು ಕನಿಷ್ಠ ಏಳು ವರ್ಷ ಒಬ್ಬ ಯಜಮಾನನ ಕೈಕೆಳಗೆ ಕಲಿತಿರಬೇಕೆಂದು ವಿಧಿಸಿತ್ತು. ಇಬ್ಬರ ನಡುವಿನ ಕರಾರುಪತ್ರಕ್ಕೆ ಇಂಡೆಂಚರ್ ಎಂದು ಹೆಸರು. ಒಂದೇ ಹಾಳೆಯಲ್ಲಿ ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕತ್ತರಿಸಿ, ಆಳಿಗೊಂದು ಯಜಮಾನನಿಗೊಂದು ಕೊಡುತ್ತಿದ್ದರು. ಮುಂದೆ ತಕರಾರು ಬಂದರೆ ಎರಡು ತುಂಡುಗಳ ಹಲ್ಲುಗಳೂ ಕೂಡಬೇಕು. ಹುಡುಗ ದುಡಿಯಬೇಕು, ಹೇಳಿದ ಮಾತು ಕೇಳಬೇಕು. ಯಜಮಾನ ಅನ್ನ, ಬಟ್ಟೆ, ವಸತಿ ಕೊಟ್ಟು ಕಸುಬು ಕಲಿಸಬೇಕು. ಕರಾರಿನ ಒಂದು ತುಂಡು ಹುಡುಗನ ಕೈಯಲ್ಲೂ ಇರುತ್ತಿತ್ತೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಜೀತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಆ ತುಂಡಿನಲ್ಲಿತ್ತು.

ಈ ದೇಶದ ಅತ್ಯಂತ ಪ್ರಸಿದ್ಧ ಅಪ್ರೆಂಟಿಸ್ ಎಂದರೆ ಬೆಂಜಮಿನ್ ಫ್ರಾಂಕ್ಲಿನ್. ಮೊದಲು ಅವನನ್ನು ಚಾಕು ತಯಾರಿಸುವ ನೆಂಟನೊಬ್ಬನ ಬಳಿ ಬಿಡುವ ಯೋಚನೆಯಿತ್ತು. ಆತ ಕಲಿಸಲು ಹಣ ಕೇಳಿದನೆಂದು ತಂದೆ ಹಿಂದೆಗೆದರು. 1718ರಲ್ಲಿ, 12ನೆಯ ವಯಸ್ಸಿಗೆ, ಬಾಸ್ಟನ್ನಿನಲ್ಲಿ ಅಣ್ಣ ಜೇಮ್ಸ್‌ನ ಮುದ್ರಣಾಲಯಕ್ಕೆ ಸೇರಿಸಿದರು. 21 ತುಂಬುವವರೆಗೆ ಕರಾರು, ಕೊನೆಯ ಒಂದು ವರ್ಷ ಮಾತ್ರ ಕೂಲಿ. ಅಣ್ಣ ಕಸುಬನ್ನು ಕಲಿಸಿದ್ದು ನಿಜ, ಹೊಡೆದದ್ದೂ ನಿಜ. 1723ರಲ್ಲಿ ಫ್ರಾಂಕ್ಲಿನ್ ಓಡಿಹೋಗಿ ಫಿಲಡೆಲ್ಫಿಯಾ ಸೇರಿದ. ಆದರೆ ಇಷ್ಟಾದ ಮೇಲೂ ಅವನು ಈ ಪದ್ಧತಿಯನ್ನು ತಿರಸ್ಕರಿಸಲಿಲ್ಲ. 1790ರಲ್ಲಿ ತೀರಿಕೊಂಡಾಗ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1000 ಪೌಂಡ್ ಬಿಟ್ಟಿದ್ದ. ಅಪ್ರೆಂಟಿಸ್ ಆಗಿ ಕಸುಬು ಕಲಿತು ಮುಗಿಸಿದ, 25 ವರ್ಷದೊಳಗಿನ ಮದುವೆಯಾದ ಯುವಕರಿಗೆ ಸ್ವಂತ ಕಸುಬು ಹೂಡಲು ಆ ಹಣದಿಂದ ಸಾಲ ಕೊಡಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ.

ಕಲಿಸುವ ಮಾತಿಲ್ಲದ ಕರಾರು

ಇನ್ನು ಮೇರಿಲ್ಯಾಂಡಿಗೆ ಬರೋಣ. 1864ರ ನವೆಂಬರ್ 1ರಂದು ಇಲ್ಲಿ ಗುಲಾಮಗಿರಿ ರದ್ದಾಯಿತು. ಅದರ ಬೆನ್ನಿಗೇ ಹಳೆಯ ಒಡೆಯರು ಬಿಡುಗಡೆಯಾದವರ ಮಕ್ಕಳನ್ನು ಜಿಲ್ಲೆಯ ನ್ಯಾಯಾಲಯಗಳಿಗೆ ಕರೆದೊಯ್ದು "ಅಪ್ರೆಂಟಿಸ್" ಎಂದು ಬರೆಸಿಕೊಳ್ಳತೊಡಗಿದರು. ಸಾವಿರಾರು ಕರಿಯ ಮಕ್ಕಳು, ಅನೇಕರು ತಾಯಿತಂದೆಯರ ಒಪ್ಪಿಗೆಯಿಲ್ಲದೆ, ನಿನ್ನೆಯ ಒಡೆಯನ ಮನೆಗೇ ಮರಳಿದರು. ಎಲಿಜಬೆತ್ ಟರ್ನರ್ ಎಂಬ ಹುಡುಗಿ ಅವರಲ್ಲೊಬ್ಬಳು. ಬಿಡುಗಡೆಯಾದ ಎರಡೇ ದಿನಕ್ಕೆ ಅವಳ ಕರಾರು ಬರೆದಾಗಿತ್ತು.

ಬಿಳಿಯ ಅಪ್ರೆಂಟಿಸ್‌ಗಳಿಗೆ ಓದು, ಬರಹ, ಲೆಕ್ಕ ಕಲಿಸಬೇಕೆಂದು ರಾಜ್ಯದ ಕಾನೂನಿನಲ್ಲೇ ಇತ್ತು. ಎಲಿಜಬೆತಳ ಕರಾರಿನಲ್ಲಿ ಆ ಮಾತಿರಲಿಲ್ಲ. ಅವಳಿಗೆ ಕಲಿಸಬೇಕಾದ "ಕಸುಬು" ಮನೆಚಾಕರಿ. ಸಾಲದ್ದಕ್ಕೆ ಯಜಮಾನ ಬಯಸಿದರೆ ಅವಳನ್ನು ಜಿಲ್ಲೆಯೊಳಗೆ ಇನ್ನೊಬ್ಬನಿಗೆ ವರ್ಗಾಯಿಸಬಹುದಿತ್ತು. ಪ್ರಕರಣ 1867ರಲ್ಲಿ ಬಾಲ್ಟಿಮೋರಿನಲ್ಲಿ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಸಾಲ್ಮನ್ ಚೇಸ್ ಅವರ ಮುಂದೆ ಬಂತು. ಇದು ಬೇರೆ ಹೆಸರಿನ ಜೀತ, ಸಂವಿಧಾನದ 13ನೆಯ ತಿದ್ದುಪಡಿಗೂ 1866ರ ನಾಗರಿಕ ಹಕ್ಕುಗಳ ಕಾಯ್ದೆಗೂ ವಿರುದ್ಧ ಎಂದು ತೀರ್ಪಿತ್ತು ಅವರು ಹುಡುಗಿಯನ್ನು ಬಿಡಿಸಿದರು.

ಇಲ್ಲಿ ಕರಾರಿತ್ತು, ಕಲಿಸುವಿಕೆ ಇರಲಿಲ್ಲ. ಕಲಿಸುವ ಮಾತನ್ನು ತೆಗೆದುಹಾಕಿದರೆ ಉಳಿಯುವುದು ಬಿಟ್ಟಿ ಚಾಕರಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವೈದ್ಯರೂ ಅಪ್ರೆಂಟಿಸ್‌ಗಳೇ

ನಾವು ವೈದ್ಯರಾದ್ದರಿಂದ ನಮ್ಮ ವೃತ್ತಿಯ ಕಥೆಯನ್ನೂ ಸ್ವಲ್ಪ ಹೇಳಬೇಕು. 1765ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯಶಾಲೆ ಆರಂಭವಾಗುವ ತನಕ ಈ ದೇಶದ ವಸಾಹತುಗಳಲ್ಲಿ ಅಂಥದೊಂದು ಶಾಲೆಯೇ ಇರಲಿಲ್ಲ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಡಾ. ಬೆಂಜಮಿನ್ ರಶ್ 1761ರಿಂದ ಸುಮಾರು ಐದೂವರೆ ವರ್ಷ ಡಾ. ಜಾನ್ ರೆಡ್ಮನ್ ಅವರ ಅಪ್ರೆಂಟಿಸ್ ಆಗಿದ್ದರು. ಔಷಧ ಅರೆಯುವುದು, ರೋಗಿಗಳ ಮನೆಗೆ ಹೋಗುವುದು, ಲೆಕ್ಕದ ಪುಸ್ತಕ ಬರೆಯುವುದು, ಎಲ್ಲವೂ ಅವರ ಕೆಲಸವೇ. ಮುಂದೆ 19ನೆಯ ಶತಮಾನದಲ್ಲಿ ಬರೀ ಉಪನ್ಯಾಸ ಕೇಳಿ ಪದವಿ ಪಡೆಯುವ ಖಾಸಗಿ ಶಾಲೆಗಳು ಅಣಬೆಯಂತೆ ಎದ್ದವು. ರೋಗಿಯನ್ನು ಮುಟ್ಟದೆಯೇ ಡಾಕ್ಟರ್ ಎನಿಸಿಕೊಂಡವರೂ ಇದ್ದರು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ 155 ಶಾಲೆಗಳನ್ನು ಪರಿಶೀಲಿಸಿ ಬರೆದ ವರದಿ ಈ ಬಂಡವಾಳವನ್ನು ಬಯಲು ಮಾಡಿತು.

ಅವರು ಮಾದರಿಯೆಂದು ತೋರಿಸಿದ್ದು ನಮ್ಮ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯನ್ನು. 1889ರಲ್ಲಿ ತೆರೆದ ಆ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮತ್ತು ವಿಲಿಯಂ ಹಾಲ್‌ಸ್ಟೆಡ್ ಅವರು ಯುವ ವೈದ್ಯರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಪಳಗಿಸಿದರು. ಅಲ್ಲೇ ವಾಸಿಸುವವರಾದ್ದರಿಂದ ಅವರು ರೆಸಿಡೆಂಟ್‌ಗಳು. ಮೊದಲು ನೋಡಬೇಕು, ಆಮೇಲೆ ಕೈಜೋಡಿಸಬೇಕು, ಕೊನೆಗೆ ಹಿರಿಯರ ಕಣ್ಣಳತೆಯಲ್ಲಿ ತಾನೇ ಮಾಡಬೇಕು, ಆ ನಂತರ ಕಿರಿಯನಿಗೆ ಕಲಿಸಬೇಕು. ಹೀಗೆ ಜವಾಬ್ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಅಪ್ರೆಂಟಿಸ್ ಪದ್ಧತಿಯ ಜೀವಾಳ.

ಊರಿನಲ್ಲಿ ಹೌಸ್ ಸರ್ಜನ್ ಆಗಿ, ಇಲ್ಲಿ ಮತ್ತೆ ಪರೀಕ್ಷೆ ಬರೆದು, 1990ರ ದಶಕದಲ್ಲಿ ರೆಸಿಡೆನ್ಸಿ ಮಾಡಿದ ನಮಗೆ ಇದರ ಎರಡು ಮುಖವೂ ಗೊತ್ತು. ಬೆಳಿಗ್ಗೆ ಹೋದರೆ ಮರುದಿನ ಸಂಜೆಗೆ ಮನೆ. ನಡುರಾತ್ರಿ ಹಿರಿಯರೊಬ್ಬರು ಹಾಸಿಗೆಯ ಪಕ್ಕದಲ್ಲಿ ನಿಂತು ಹತ್ತು ನಿಮಿಷ ಹೇಳಿಕೊಟ್ಟದ್ದು ಇಂದಿಗೂ ಮರೆತಿಲ್ಲ. ಹೇಳಿಕೊಡುವವರಿಲ್ಲದೆ ಬರೀ ರಕ್ತ ತೆಗೆದು, ಚೀಟಿ ಬರೆದು, ನಿದ್ದೆಗೆಟ್ಟು ಕಳೆದ ರಾತ್ರಿಗಳಲ್ಲಿ ಕಲಿತದ್ದು ಬಹಳ ಕಡಿಮೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಹುಡುಗಿಯ ಸಾವಾದ ಮೇಲೆ ರೆಸಿಡೆಂಟ್‌ಗಳ ದುಡಿಮೆಯ ಅವಧಿ, ಮೇಲ್ವಿಚಾರಣೆ ಎರಡೂ ಚರ್ಚೆಗೆ ಬಂದವು. 1989ರಲ್ಲಿ ಆ ರಾಜ್ಯ, 2003ರಲ್ಲಿ ಇಡೀ ದೇಶ, ವಾರಕ್ಕೆ 80 ಗಂಟೆಯ ಮಿತಿಯನ್ನು ತಂದವು. ಅದೂ ಕಡಿಮೆಯೇನಲ್ಲ, ಆದರೂ ಒಂದು ಕಟ್ಟುಪಾಡು ಬಂತು.

ಕರಾರಿಲ್ಲದ ಕಲಿಕೆ

ಎಲಿಜಬೆತಳ ಕಥೆಗೆ ತದ್ವಿರುದ್ಧವಾದ ಕಥೆಯೊಂದು ಇದೇ ಹಾಪ್ಕಿನ್ಸ್‌ನಲ್ಲಿ ನಡೆಯಿತು. ವಿವಿಯನ್ ಥಾಮಸ್ ಎಂಬ ಕರಿಯ ಯುವಕ ನ್ಯಾಶ್‌ವಿಲ್‌ನಲ್ಲಿ ಬಡಗಿಯ ಕೆಲಸ ಮಾಡುತ್ತಿದ್ದ. ಡಾಕ್ಟರಾಗಬೇಕೆಂಬ ಆಸೆ. ಕಾಲೇಜಿಗೆಂದು ಕೂಡಿಟ್ಟ ಹಣ ಬ್ಯಾಂಕು ಮುಳುಗಿದಾಗ ಹೋಯಿತು. 1930ರಲ್ಲಿ ಡಾ. ಆಲ್ಫ್ರೆಡ್ ಬ್ಲೇಲಾಕ್ ಅವರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅರಿವಳಿಕೆ ಕೊಡುವುದರಿಂದ ಹಿಡಿದು ನಾಯಿಗಳ ಮೇಲೆ ಶಸ್ತ್ರಕ್ರಿಯೆ ಮಾಡುವವರೆಗೆ ಎಲ್ಲವನ್ನೂ ಕಲಿತ. ಆದರೆ ದಾಖಲೆಯಲ್ಲಿ ಅವನ ಹುದ್ದೆ ಝಾಡಮಾಲಿಯದು, ಸಂಬಳವೂ ಅದಕ್ಕೆ ತಕ್ಕಂತೆ.

1941ರಲ್ಲಿ ಇಬ್ಬರೂ ಬಾಲ್ಟಿಮೋರಿಗೆ ಬಂದರು. ಹುಟ್ಟಿನಿಂದಲೇ ಹೃದಯದ ದೋಷವಿದ್ದು ಮೈ ನೀಲಿಗಟ್ಟುವ ಮಕ್ಕಳಿಗೆ ಏನಾದರೂ ಮಾಡಬೇಕೆಂದು ಡಾ. ಹೆಲೆನ್ ಟಾಸಿಗ್ ಒತ್ತಾಯಿಸುತ್ತಿದ್ದರು. ಆ ಶಸ್ತ್ರಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಮಾಡಿ ಸಿದ್ಧಪಡಿಸಿದವರು ಥಾಮಸ್. 1944ರ ನವೆಂಬರ್ 29ರಂದು ಬ್ಲೇಲಾಕ್ ಮೊದಲ ಮಗುವಿಗೆ ಶಸ್ತ್ರಕ್ರಿಯೆ ಮಾಡಿದಾಗ, ಹಿಂದೆ ಒಂದು ಸ್ಟೂಲಿನ ಮೇಲೆ ನಿಂತು ಅವರ ಭುಜದ ಮೇಲಿಂದ ನೋಡುತ್ತ ಹೇಳಿಕೊಟ್ಟವರೂ ಥಾಮಸ್. ಮುಂದೆ ಹೆಸರಾಂತ ಸರ್ಜನ್‌ಗಳೆಷ್ಟೋ ಮಂದಿ ಅವರ ಕೈಯಲ್ಲಿ ಕಲಿತರು. ಹೀಗಿದ್ದೂ ವರ್ಷಗಟ್ಟಲೆ ಸಂಸಾರ ಸಾಗಿಸಲು ಅವರು ಬೇರೆ ಕೆಲಸವನ್ನೂ ಮಾಡಬೇಕಾಯಿತು. ಗೌರವ ಡಾಕ್ಟರೇಟ್ ಬಂದದ್ದು 1976ರಲ್ಲಿ.

ಬ್ಲೇಲಾಕ್ ಮನಸಾರೆ ಕಲಿಸಿದರು, ಥಾಮಸ್ ಮನಸಾರೆ ಕಲಿತರು. ಆದರೆ ಕಲಿತದ್ದಕ್ಕೆ ಸಂಬಳ ಏರಬೇಕು, ಮುಗಿದ ಮೇಲೆ ಪ್ರಮಾಣಪತ್ರ ಕೊಡಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಯಜಮಾನನ ಒಳ್ಳೆಯತನವೊಂದನ್ನೇ ನಂಬಿದರೆ ಇಷ್ಟೇ ಸಿಗುವುದು.

1937ರ ಕಾನೂನು

ಕರಾರು ಮತ್ತು ಕಲಿಕೆ ಎರಡನ್ನೂ ಕೂಡಿಸುವ ಪ್ರಯತ್ನಗಳು 20ನೆಯ ಶತಮಾನದಲ್ಲಿ ಆದವು. 1911ರಲ್ಲಿ ವಿಸ್ಕಾನ್ಸಿನ್ ರಾಜ್ಯ ಇದಕ್ಕಾಗಿ ಕಾನೂನು ಮಾಡಿತು. ಪಕ್ಕದ ವರ್ಜೀನಿಯಾದಲ್ಲಿ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯವರು 1919ರಲ್ಲಿ ತಮ್ಮದೇ ಅಪ್ರೆಂಟಿಸ್ ಶಾಲೆ ತೆರೆದರು. ಅದು ಇಂದಿಗೂ ಸಂಬಳ ಕೊಟ್ಟು ಕಲಿಸುತ್ತಿದೆ. 1937ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಕಾಯ್ದೆ ಬಂತು.

ಈ ಕಾಯ್ದೆಯ ಆಧಾರದ ಮೇಲೆ ನಡೆಯುವ ನೋಂದಾಯಿತ ಪದ್ಧತಿಯಲ್ಲಿ ಮಾಲೀಕರು ಮಾಡಬೇಕಾದದ್ದು ಇಷ್ಟು. ಮೊದಲು ಕಲಿಸುವ ಕಸುಬು ಯಾವುದು, ಅದರಲ್ಲಿ ಯಾವ ಯಾವ ಕೆಲಸ ಯಾವ ಕ್ರಮದಲ್ಲಿ ಕಲಿಸುತ್ತೇವೆ ಎಂದು ಬರೆದಿಡಬೇಕು. ಗಂಟೆಗಳ ಲೆಕ್ಕದ ತರಬೇತಿಯಾದರೆ ಕೆಲಸದ ಜಾಗದಲ್ಲಿ ಕನಿಷ್ಠ 2000 ಗಂಟೆ ಇರಬೇಕು. ಜೊತೆಗೆ ವರ್ಷಕ್ಕೆ 144 ಗಂಟೆಯಾದರೂ ಪಾಠ ಇರಲಿ ಎಂಬುದು ಶಿಫಾರಸು. ಇದನ್ನು ಹತ್ತಿರದ ಕಮ್ಯೂನಿಟಿ ಕಾಲೇಜಿನ ನೆರವಿನಿಂದ ನಡೆಸಬಹುದು. ಮೊದಲ ದಿನದಿಂದಲೇ ಸಂಬಳ ಕೊಡಬೇಕು, ಕಲಿಕೆ ಏರಿದಂತೆ ಸಂಬಳವೂ ಏರಬೇಕು. ಒಬ್ಬ ಅನುಭವಿಗೆ ಎಷ್ಟು ಜನ ಕಲಿಯುವವರು ಎಂಬ ಪ್ರಮಾಣವನ್ನು ಗೊತ್ತುಮಾಡಬೇಕು. ಇಬ್ಬರೂ ಸಹಿ ಮಾಡಿದ ಒಪ್ಪಂದವನ್ನು ಸರ್ಕಾರದ ಅಪ್ರೆಂಟಿಸ್‌ಶಿಪ್ ಕಚೇರಿಯಲ್ಲಿ ನೋಂದಾಯಿಸಬೇಕು. ಮುಗಿದಾಗ ದೇಶದಲ್ಲೆಲ್ಲ ಮಾನ್ಯವಾಗುವ ಪ್ರಮಾಣಪತ್ರ ಸಿಗುತ್ತದೆ. ಇದು ಎಲೆಕ್ಟ್ರಿಷಿಯನ್, ಪ್ಲಂಬರ್‌ಗಳಿಗೆ ಮಾತ್ರ ಎಂದು ತಿಳಿಯಬಾರದು. ಮೆಡಿಕಲ್ ಅಸಿಸ್ಟೆಂಟ್, ಔಷಧದಂಗಡಿಯ ಸಹಾಯಕ, ಕಂಪ್ಯೂಟರ್ ಕೆಲಸಗಳಿಗೂ ಇದೆ.

ಕಲಿಸಿದ ಮೇಲೆ ಹುಡುಗ ಬಿಟ್ಟುಹೋದರೆ ಏನು ಗತಿ ಎಂದು ಮಾಲೀಕರು ಕೇಳುವುದು ಸಹಜ. ಹೋಗುವವರು ಹೋಗಿಯೇ ಹೋಗುತ್ತಾರೆ. ಆದರೆ ಕಲಿಸದೆ ಇಟ್ಟುಕೊಂಡವನು ಹತ್ತು ವರ್ಷ ಉಳಿದರೂ ಅದರಿಂದ ಯಾರಿಗೇನು ಲಾಭ?

ತಾಯ್ತಂದೆಯರಿಗೆ ಒಂದು ಮಾತು

ಭಾರತದಲ್ಲಿ 1850ರಲ್ಲೇ ಒಂದು ಅಪ್ರೆಂಟಿಸ್ ಕಾಯ್ದೆ ಬಂದಿತ್ತು. ಮುಖ್ಯವಾಗಿ ಅನಾಥರು ಮತ್ತು ಬಡವರ ಮಕ್ಕಳಿಗೆ ಕಸುಬು ಕಲಿಸಲು ಮಾಡಿದ್ದು ಅದು. ಈ ಪದ್ಧತಿಯೆಂದರೆ ಗತಿಯಿಲ್ಲದವರಿಗೆ ಎಂಬ ಭಾವನೆ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ. 1961ರ ಕಾಯ್ದೆಯ ನಂತರ ಬೆಂಗಳೂರಿನ ಎಚ್.ಎ.ಎಲ್., ಬಿ.ಇ.ಎಲ್. ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಪಡೆದು ಕಲಿತ ಅಪ್ರೆಂಟಿಸ್‌ಗಳನ್ನು ನಮ್ಮಲ್ಲಿ ಅನೇಕರು ನೆಂಟರಿಷ್ಟರಲ್ಲೇ ಕಂಡಿದ್ದೇವೆ. ಆದರೂ ಇಲ್ಲಿ ನಮ್ಮ ಮಗನೋ ಮಗಳೋ ಕಾಲೇಜು ಬೇಡ, ಕಸುಬು ಕಲಿಯುತ್ತೇನೆ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ಅದೇ ಮಕ್ಕಳು ರೆಸಿಡೆನ್ಸಿ ಸೇರಿದರೆ ಸಿಹಿ ಹಂಚುತ್ತೇವೆ. ಎರಡೂ ಒಂದೇ ಮರದ ಕೊಂಬೆಗಳು.

ಯುವಕರು ಇಂಥ ಕೆಲಸಕ್ಕೆ ಹೊರಟರೆ ನಾವು ಕೇಳಬೇಕಾದ ಪ್ರಶ್ನೆ "ಜನ ಏನೆಂದಾರು" ಎಂಬುದಲ್ಲ. "ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ಅದು ಬರವಣಿಗೆಯಲ್ಲಿದೆಯೇ" ಎಂದು ಕೇಳೋಣ. ನಮ್ಮ ಸದಸ್ಯರಲ್ಲಿ ಯಾರಾದರೂ ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಾದರೆ, ಅವರಿಂದ ಮಾಡಿಸಬೇಕಾದ ಕೆಲಸಗಳ ಪಟ್ಟಿಗೆ ಮೊದಲು, ಅವರಿಗೆ ಕಲಿಸಬೇಕಾದ ಕೆಲಸಗಳ ಪಟ್ಟಿಯನ್ನು ಬರೆಯಲಿ. ಬರೆದು ಒಂದು ಪ್ರತಿಯನ್ನು ಅವರ ಕೈಗೆ ಕೊಡಲಿ.