ರೋಗಿಯ ಸಂಸ್ಕೃತಿ, ವೈದ್ಯರ ಕಲಿಕೆ: ಮಾನಸಿಕ ಆರೋಗ್ಯ ತರಬೇತಿಯ ಏಳು ದಶಕ

1953ರಲ್ಲಿ ಫ್ರಾಂಟ್ಜ್ ಫ್ಯಾನನ್ ಎಂಬ ತರುಣ ಮನೋವೈದ್ಯರು ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಗೆ ಬಂದರು. ಅಲ್ಜೀರಿಯಾ ಆಗ ಫ್ರಾನ್ಸಿನ ವಸಾಹತು. ರೋಗಿಗಳನ್ನು ಕೂಡಿಹಾಕಿ ಕಾಯುತ್ತಿದ್ದ ಆ ಆಸ್ಪತ್ರೆಯಲ್ಲಿ ಅವರು ಸಭೆ, ಸಿನಿಮಾ, ಹಬ್ಬ, ಕೈಕೆಲಸ, ರೋಗಿಗಳದೇ ಪತ್ರಿಕೆ ಎಲ್ಲವನ್ನೂ ಶುರುಮಾಡಿದರು. ಯುರೋಪಿಯನ್ ಮಹಿಳೆಯರ ವಾರ್ಡಿನಲ್ಲಿ ಈ ಕ್ರಮ ಬೇಗ ಫಲ ಕೊಟ್ಟಿತು. ಮುಸ್ಲಿಂ ಪುರುಷರ ವಾರ್ಡಿನಲ್ಲಿ ಅದೇ ಕ್ರಮ ಸೋತಿತು. ಸಭೆಗೆ ಬಂದವರು ಮಾತಾಡಲಿಲ್ಲ, ಕೈಕೆಲಸದಲ್ಲಿ ಯಾರಿಗೂ ಆಸಕ್ತಿ ಹುಟ್ಟಲಿಲ್ಲ.

ಫ್ಯಾನನ್ ಮತ್ತು ಅವರ ಸಹೋದ್ಯೋಗಿ ಜಾಕ್ ಅಝುಲೆ 1954ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಸೋಲಿನ ಹೊಣೆಯನ್ನು ರೋಗಿಗಳ ಮೇಲೆ ಹೊರಿಸಲಿಲ್ಲ. ತಮಗೆ ಅವರ ಭಾಷೆ ಬರುತ್ತಿರಲಿಲ್ಲ, ದುಭಾಷಿಯ ಮೂಲಕ ಮಾತಾಡುತ್ತಿದ್ದೆವು, ಅವರ ಕುಟುಂಬ, ಧರ್ಮ, ಊರಿನ ಬದುಕು ಯಾವುದನ್ನೂ ಅರಿಯದೆ ಫ್ರಾನ್ಸಿನ ಪದ್ಧತಿಯನ್ನು ಹೇರಿದೆವು ಎಂದು ಬರೆದರು. ಆಮೇಲೆ ವಾರ್ಡಿಗೆ ಅಲ್ಲಿನವರು ಕೂತು ಹರಟುವಂಥ ಕಾಫಿ ಅಂಗಡಿ ಬಂತು, ಮುಸ್ಲಿಂ ಹಬ್ಬಗಳ ಆಚರಣೆ ಬಂತು, ಕಥೆ ಹೇಳುವವರು ಬಂದರು. ಚಿಕಿತ್ಸೆ ಸೋತಾಗ ವೈದ್ಯರು ರೋಗಿಗಿಂತ ಮೊದಲು ತಮ್ಮನ್ನು ಪರೀಕ್ಷಿಸಿಕೊಳ್ಳಬೇಕು ಎಂಬ ಪಾಠ ಇಲ್ಲಿದೆ.

ಈ ಪಾಠ ಇಂದು ಸಾಂಸ್ಕೃತಿಕ ಸಾಮರ್ಥ್ಯದ ತರಬೇತಿ ಎಂಬ ಹೆಸರಿನ ದೊಡ್ಡ ಕ್ಷೇತ್ರವಾಗಿ ಬೆಳೆದಿದೆ. ಭಾಷೆ, ಧರ್ಮ, ಜನಾಂಗ, ಜಾತಿ, ಲಿಂಗ, ವರ್ಗಗಳಲ್ಲಿ ತಮಗಿಂತ ಭಿನ್ನರಾದವರಿಗೆ ಚಿಕಿತ್ಸೆ ನೀಡಲು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಪ್ತಸಮಾಲೋಚಕರು, ದಾದಿಯರು ಏನನ್ನು ಕಲಿಯಬೇಕು ಎಂಬುದು ಅದರ ಮೂಲ ಪ್ರಶ್ನೆ. ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಮೊದಲು, ಬೇರೆಯವರ ಬಗ್ಗೆ ತಿಳಿದುಕೊಳ್ಳಿ ಎಂದರು. ಬಳಿಕ, ನಿಮ್ಮನ್ನು ನೀವು ತಿಳಿದುಕೊಳ್ಳಿ ಎಂದರು. ಈಗ, ನಿಮ್ಮ ಸಂಸ್ಥೆಯನ್ನು ಬದಲಿಸಿ ಎನ್ನುತ್ತಿದ್ದಾರೆ. ಮೂರನೆಯದು ಆಗದಿದ್ದರೆ ಮೊದಲೆರಡು ನಿಲ್ಲುವುದಿಲ್ಲ ಎಂಬುದೇ ಈ ಏಳು ದಶಕಗಳ ಸಾರ ಎಂದು ನಾನು ನಂಬುತ್ತೇನೆ.

ದೂರದಿಂದ ನೋಡಿದ ಕಾಲ

ಸಂಸ್ಕೃತಿ ಮತ್ತು ಮನೋರೋಗಗಳ ಸಂಬಂಧದ ಕುತೂಹಲ ಇನ್ನೂ ಹಳೆಯದು. ಜರ್ಮನಿಯ ಎಮಿಲ್ ಕ್ರೇಪೆಲಿನ್ 1904ರ ಹೊತ್ತಿಗೆ ಜಾವಾದ ಮಾನಸಿಕ ಆಸ್ಪತ್ರೆಗೆ ಹೋಗಿ, ಯುರೋಪಿನಲ್ಲಿ ಕಂಡ ಕಾಯಿಲೆಗಳು ಅಲ್ಲಿಯೂ ಇವೆಯೇ ಎಂದು ಹುಡುಕಿದ್ದರು. 1955ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಎರಿಕ್ ವಿಟ್‌ಕೋವರ್ ಈ ಅಧ್ಯಯನಕ್ಕೆ ಒಂದು ನೆಲೆ ಒದಗಿಸಿದರು. ಆದರೆ ಅಂದಿನ ಬಹುಪಾಲು ಬರಹಗಳಲ್ಲಿ ಪಶ್ಚಿಮದ ರೋಗಪಟ್ಟಿಯೇ ಅಳತೆಗೋಲು. ಅದಕ್ಕೆ ಹೊಂದದಿದ್ದುದೆಲ್ಲ ವಿಚಿತ್ರ.

ಈ ನೋಟವನ್ನು ಪ್ರಶ್ನಿಸಿದವರು ಅಮೆರಿಕದ ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್. ಒಂದು ಸಮಾಜದಲ್ಲಿ ರೂಪುಗೊಂಡ ರೋಗದ ವ್ಯಾಖ್ಯೆಯನ್ನು ಇನ್ನೊಂದು ಸಮಾಜಕ್ಕೆ ಹೊತ್ತೊಯ್ದು, ಅಲ್ಲಿಯೂ ಅದು ಸಿಕ್ಕಿತು ಎನ್ನುವುದು ತರ್ಕದೋಷ ಎಂದು ಅವರು 1977ರಲ್ಲಿ ವಾದಿಸಿದರು. ಮರುವರ್ಷ ಲಿಯೊನ್ ಐಸೆನ್‌ಬರ್ಗ್ ಮತ್ತು ಬೈರನ್ ಗುಡ್ ಜೊತೆ ಬರೆದ ಲೇಖನದಲ್ಲಿ ವೈದ್ಯರ ಕೈಗೆ ಸರಳ ಪ್ರಶ್ನೆಗಳನ್ನು ಕೊಟ್ಟರು. ಈ ತೊಂದರೆ ಯಾಕೆ ಬಂತು ಎಂದು ನಿಮಗೆ ಅನಿಸುತ್ತದೆ? ಆಗಲೇ ಯಾಕೆ ಶುರುವಾಯಿತು? ಇದರಿಂದ ನಿಮಗಿರುವ ದೊಡ್ಡ ಭಯ ಯಾವುದು? ಚಿಕಿತ್ಸೆಯಿಂದ ಏನಾಗಲಿ ಎಂದು ಬಯಸುತ್ತೀರಿ? ರೋಗಿಗೆ ತನ್ನದೇ ವಿವರಣೆ ಇರುತ್ತದೆ, ಅದನ್ನು ಕೇಳದೆ ಚಿಕಿತ್ಸೆ ಶುರುಮಾಡಬಾರದು ಎಂಬ ತತ್ತ್ವ ಇಂದಿನ ಹಲವು ತರಬೇತಿಗಳ ತಳಹದಿ.

ಹಕ್ಕಿನ ಪ್ರಶ್ನೆಯಾದಾಗ

ಇದು ಕಡ್ಡಾಯ ಕಲಿಕೆಯ ವಿಷಯವಾಗುವುದಕ್ಕೆ ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟವೇ ಬೇಕಾಯಿತು. 1968ರಲ್ಲಿ ಕಪ್ಪು ಮನಶ್ಶಾಸ್ತ್ರಜ್ಞರು ತಮ್ಮದೇ ಸಂಘ ಕಟ್ಟಿದರು. 1973ರಲ್ಲಿ ಕೊಲೊರಾಡೊದ ವೇಲ್‌ನಲ್ಲಿ ನಡೆದ ಸಮ್ಮೇಳನ, ಭಿನ್ನ ಸಂಸ್ಕೃತಿಯವರಿಗೆ ಚಿಕಿತ್ಸೆ ನೀಡುವ ಅರ್ಹತೆ ಇಲ್ಲದೆ ಆ ಕೆಲಸಕ್ಕೆ ಇಳಿಯುವುದು ವೃತ್ತಿಧರ್ಮಕ್ಕೆ ವಿರುದ್ಧ ಎಂಬ ನಿಲುವು ತಳೆಯಿತು. 1977ರಲ್ಲಿ ಸ್ಟಾನ್ಲಿ ಸೂ ಸಿಯಾಟಲ್ ಪ್ರದೇಶದ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ದಾಖಲೆ ಪರಿಶೀಲಿಸಿದರು. ಅಲ್ಪಸಂಖ್ಯಾತ ಸಮುದಾಯಗಳಿಂದ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಭೇಟಿಯ ನಂತರ ಮರಳಿ ಬಂದಿರಲಿಲ್ಲ. ಬಿಳಿಯರಲ್ಲಿ ಹೀಗೆ ಬಿಟ್ಟುಹೋದವರು ಸುಮಾರು ಶೇ. 30. ಬಾಗಿಲು ತೆರೆದಿದ್ದರೆ ಸಾಲದು, ಬಂದವರು ಉಳಿಯುವಂತೆ ನಡೆದುಕೊಳ್ಳುವುದನ್ನೂ ಕಲಿಯಬೇಕು ಎಂದು ಈ ಅಂಕಿಗಳು ಸಾರಿದವು.

1982ರಲ್ಲಿ ಡೆರಾಲ್ಡ್ ವಿಂಗ್ ಸೂ ಮತ್ತು ಸಂಗಡಿಗರು ತರಬೇತಿಯನ್ನು ಮೂರು ಭಾಗ ಮಾಡಿದರು: ತನ್ನ ನಂಬಿಕೆ, ಪೂರ್ವಗ್ರಹಗಳ ಅರಿವು, ಎದುರಿನವರ ಬದುಕಿನ ಬಗ್ಗೆ ತಿಳಿವಳಿಕೆ, ಚಿಕಿತ್ಸೆಯ ಕೌಶಲ. 1992ರಲ್ಲಿ ಸೂ, ಪೆಟ್ರೀಷಿಯಾ ಅರೆಡಾಂಡೊ, ರೊಡೆರಿಕ್ ಮೆಕ್‌ಡೇವಿಸ್ ಇದನ್ನು 31 ಸಾಮರ್ಥ್ಯಗಳಾಗಿ ವಿಸ್ತರಿಸಿದರು. ನಡುವೆ 1989ರಲ್ಲಿ ಟೆರಿ ಕ್ರಾಸ್ ಮತ್ತು ಜೊತೆಗಾರರು, ಒಬ್ಬ ಸಮಾಲೋಚಕ ಎಷ್ಟೇ ಸೂಕ್ಷ್ಮಮತಿಯಾಗಿದ್ದರೂ ಆಸ್ಪತ್ರೆಯ ನಿಯಮಗಳು ಒರಟಾಗಿದ್ದರೆ ಪ್ರಯೋಜನವಿಲ್ಲ, ಆದ್ದರಿಂದ ಇಡೀ ಸೇವಾ ವ್ಯವಸ್ಥೆಗೆ ಈ ಗುಣ ಬರಬೇಕು ಎಂದರು. ಆ ಮಾತನ್ನು ಮುಂದಿನವರು ಉಲ್ಲೇಖಿಸಿದಷ್ಟು ಪಾಲಿಸಲಿಲ್ಲ.

1998ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ವೈದ್ಯೆಯರು, ಮೆಲನಿ ಟರ್ವಲಾನ್ ಮತ್ತು ಜಾನ್ ಮರ್ರೆ ಗಾರ್ಸಿಯಾ, ಸಾಮರ್ಥ್ಯಕ್ಕಿಂತ ವಿನಯ ದೊಡ್ಡದು ಎಂದರು. ಇನ್ನೊಬ್ಬರ ಸಂಸ್ಕೃತಿಯಲ್ಲಿ ಪೂರ್ತಿ ಪಳಗಿದೆ ಎಂದು ಯಾರೂ ಹೇಳಿಕೊಳ್ಳಲಾಗದು. ತನ್ನನ್ನು ತಿದ್ದಿಕೊಳ್ಳುತ್ತ ಇರುವುದು, ವೈದ್ಯ ಮತ್ತು ರೋಗಿಯ ನಡುವಿನ ಅಧಿಕಾರದ ಅಂತರವನ್ನು ತಗ್ಗಿಸುವುದು ಆಯುಷ್ಯಪೂರ್ತಿ ನಡೆಯಬೇಕಾದ ಕೆಲಸ ಎಂಬುದು ಅವರ ವಾದ.

ತೀರ್ಪು ರೋಗಿಯದೇ

ಇನ್ನೂ ದಿಟ್ಟವಾದ ಹೆಜ್ಜೆ ಇಟ್ಟದ್ದು ನ್ಯೂಜಿಲೆಂಡ್. ಮಾವೊರಿ ದಾದಿ ಇರಿಹಪೆಟಿ ರಾಮ್ಸ್‌ಡೆನ್ ಸಾಂಸ್ಕೃತಿಕ ಸುರಕ್ಷತೆ ಎಂಬ ಪರಿಕಲ್ಪನೆ ಬೆಳೆಸಿದರು. ಆರೈಕೆ ತನ್ನತನವನ್ನು ಗೌರವಿಸಿತೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ಆರೈಕೆ ಪಡೆದವರೇ ಹೊರತು ಕೊಟ್ಟವರಲ್ಲ. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಇದನ್ನು ಶಿಕ್ಷಣದ ಭಾಗವಾಗಿಸಿತು. 2003ರ ಕಾಯ್ದೆಯೊಂದು ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿಗಳಿಗೆ ಸಾಂಸ್ಕೃತಿಕ ಸಾಮರ್ಥ್ಯದ ಮಾನದಂಡ ನಿಗದಿಪಡಿಸುವ ಹೊಣೆ ಹೊರಿಸಿತು. ಇಲ್ಲಿ ಕಲಿಕೆ ಸದಾಶಯದಿಂದ ಕಾನೂನಿಗೆ ದಾಟಿತು.

ಬ್ರಿಟನ್ನಿನ ದಾರಿ ನೋವಿನದು. ಕೊಲ್ಕತ್ತಾ ಮೂಲದ ಜಾಫರ್ ಕರೀಂ 1983ರಲ್ಲಿ ಲಂಡನ್ನಿನಲ್ಲಿ ನಫ್ಸಿಯತ್ ಎಂಬ ಅಂತರ್‌ಸಾಂಸ್ಕೃತಿಕ ಚಿಕಿತ್ಸಾ ಕೇಂದ್ರ ತೆರೆದು, ವಲಸಿಗರಿಗೆ ಔಷಧಿಯ ಜೊತೆಗೆ ಮಾತಿನ ಚಿಕಿತ್ಸೆಯೂ ಬೇಕು ಎಂದು ತೋರಿಸಿದರು. ಆದರೆ 1998ರಲ್ಲಿ ನಾರಿಚ್‌ನ ಆಸ್ಪತ್ರೆಯಲ್ಲಿ ಡೇವಿಡ್ ಬೆನೆಟ್ ಎಂಬ ಕಪ್ಪು ರೋಗಿಯನ್ನು ಸಿಬ್ಬಂದಿ ನೆಲಕ್ಕೊತ್ತಿ ಹಿಡಿದಿದ್ದಾಗ ಅವರು ಸತ್ತರು. ತನಿಖಾ ವರದಿ ಮಾನಸಿಕ ಆರೋಗ್ಯ ಸೇವೆಯೊಳಗಿನ ಜನಾಂಗಭೇದವನ್ನು ಎತ್ತಿ ಹೇಳಿತು. 2005ರಲ್ಲಿ ಸರ್ಕಾರ ಸಮಾನತೆಯ ಕಾರ್ಯಕ್ರಮ ಘೋಷಿಸಿತು. ಒಂದು ಸಾವಿನ ಬೆಲೆ ತೆತ್ತ ಮೇಲೆ ಬಂದ ಸುಧಾರಣೆ ಅದು.

ಕೋಟದಿಂದ ಬಳ್ಳಾರಿಗೆ

ಭಾರತದ ಅಧ್ಯಾಯದಲ್ಲಿ ಕರ್ನಾಟಕಕ್ಕೆ ಮುಖ್ಯ ಸ್ಥಾನವಿದೆ. ಇಲ್ಲಿನ ಅನೇಕ ಪಾಠಗಳು ಸಾಂಸ್ಕೃತಿಕ ಸಾಮರ್ಥ್ಯ ಎಂಬ ಹೆಸರು ಚಾಲ್ತಿಗೆ ಬರುವ ಮೊದಲೇ ಹುಟ್ಟಿದವು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ರೋಗಿಗಳ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳಿಸಿದರು. 1973ರಲ್ಲಿ ಜೆ. ಎಸ್. ನೇಕಿ, ಗುರು–ಚೇಲಾ ಸಂಬಂಧ ಭಾರತೀಯರ ಮನೋಚಿಕಿತ್ಸೆಗೆ ಮಾದರಿಯಾಗಬಲ್ಲದು ಎಂದು ಮಂಡಿಸಿದರು.

ಅದೇ ದಶಕದಲ್ಲಿ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಿದರು. ಅದರ ಫಲವಾದ ಪುಸ್ತಕ 1976ರಲ್ಲಿ ಬಂತು. ಇಲ್ಲಿನ ಜನರಿಗೆ ಒಪ್ಪುವಂಥ ಸಂದರ್ಶನ ಕ್ರಮವನ್ನೇ ಅವರು ರೂಪಿಸಿದರು. ಮೈಮೇಲೆ ಬರುವುದನ್ನು ಕಾಯಿಲೆ ಎಂದು ಬದಿಗಿಡದೆ, ಅದು ಆ ಸಮಾಜದಲ್ಲಿ ಯಾವ ಸ್ಥಾನ ಪಡೆದಿದೆ ಎಂದು ನೋಡಿದರು. ನಾಡವೈದ್ಯರು, ಮಂತ್ರವಾದಿಗಳು, ಪಾತ್ರಿಗಳ ಬಳಿ ಹೋಗುವವರೇ ಡಾಕ್ಟರರ ಬಳಿಗೂ ಹೋಗುತ್ತಾರೆ, ಅದರಲ್ಲಿ ಅವರಿಗೆ ವಿರೋಧವೇನೂ ಕಾಣುವುದಿಲ್ಲ ಎಂಬುದು ಸ್ಪಷ್ಟವಾಯಿತು. ರೋಗಿ ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿಬಂದೆ ಎಂದಾಗ ಗದರಿಸುವ ವೈದ್ಯರು ಇಂದಿಗೂ ಓದಬೇಕಾದ ಪಾಠವಿದು.

ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕಕ್ಕೆ ರೂಪ ಕೊಟ್ಟರು. ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನಡೆಯಿತು. 1985ರಲ್ಲಿ ಬಳ್ಳಾರಿಯಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗ ದೇಶಕ್ಕೆ ಮಾದರಿಯಾಯಿತು. ಊರಿನ ನುಡಿ, ನಡೆ ಬಲ್ಲ ಕಾರ್ಯಕರ್ತರೇ ರೋಗವನ್ನು ಗುರುತಿಸಲಿ ಎಂಬುದು ಅದರ ಬಲ.

1996ರಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್, ಎಸ್. ಎಂ. ಚನ್ನಬಸವಣ್ಣ ಮೊದಲಾದವರು ನಿಮ್ಹಾನ್ಸ್‌ನ 80 ರೋಗಿಗಳ ಅಧ್ಯಯನ ಪ್ರಕಟಿಸಿದರು. ಭಾರತೀಯರಿಗೆ ಭಾವನೆಗಳನ್ನು ಹೇಳಿಕೊಳ್ಳಲು ಬರುವುದಿಲ್ಲ, ಅದಕ್ಕೇ ಮೈಕೈ ನೋವು ಎನ್ನುತ್ತಾರೆ ಎಂಬ ಮಾತು ಆಗ ಪಶ್ಚಿಮದಲ್ಲಿ ಚಲಾವಣೆಯಲ್ಲಿತ್ತು. ಅಧ್ಯಯನದಲ್ಲಿ ಕಂಡದ್ದೇ ಬೇರೆ. ಖಿನ್ನತೆಯ ಲಕ್ಷಣ ಹೆಚ್ಚಿದಂತೆ ಕಳಂಕದ ಭಾವವೂ ಹೆಚ್ಚು. ದೇಹದ ನೋವುಗಳಿಗೆ ಆ ಕಳಂಕ ಅಂಟಿರಲಿಲ್ಲ. ಮನಸ್ಸು ಸರಿಯಿಲ್ಲ ಎಂದರೆ ಮದುವೆಗೆ ಅಡ್ಡಿ, ಮೈ ನೋವು ಎಂದರೆ ಎಲ್ಲರಿಗೂ ಬರುವ ತೊಂದರೆ. ನೋವನ್ನು ಯಾರೆದುರು, ಯಾವ ರೂಪದಲ್ಲಿ ಹೇಳಬೇಕೆಂದು ಜನ ವಿವೇಕದಿಂದ ಆರಿಸಿಕೊಳ್ಳುತ್ತಿದ್ದರು.

ನಂಬಿಕೆಯ ತಾಣಗಳ ವಿಚಾರದಲ್ಲೂ ಎರಡು ಸತ್ಯಗಳಿವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ರೋಗಿಗಳು ಬೆಂಕಿಗೆ ಸಿಕ್ಕು ಸತ್ತರು. ಮರುವರ್ಷ ರಘುರಾಮ್ ತಂಡ, ಅದೇ ರಾಜ್ಯದ ಒಂದು ಗುಡಿಯಲ್ಲಿ ಬಂಧನವಿಲ್ಲದೆ ಕುಟುಂಬದೊಂದಿಗೆ ತಂಗಿದ್ದ ತೀವ್ರ ಮನೋರೋಗಿಗಳ ಲಕ್ಷಣಗಳು ಸರಾಸರಿ ಶೇ. 20ರಷ್ಟು ತಗ್ಗಿದ್ದನ್ನು ವರದಿ ಮಾಡಿತು. ಸಂಸ್ಕೃತಿಯನ್ನು ಗೌರವಿಸುವುದೆಂದರೆ ಕ್ರೌರ್ಯಕ್ಕೆ ಕಣ್ಣುಮುಚ್ಚುವುದಲ್ಲ. ಆಸರೆ ಯಾವುದು, ಹಿಂಸೆ ಯಾವುದು ಎಂದು ಬಿಡಿಸಿ ನೋಡಲು ಕಲಿಸುವುದೇ ತರಬೇತಿ.

ಫಲ ಎಷ್ಟು?

ಅಮೆರಿಕದ ಮನೋವೈದ್ಯ ಸಂಘದ ರೋಗ ಕೈಪಿಡಿ 1994ರಲ್ಲಿ ಸಂಸ್ಕೃತಿಯ ಮಾಹಿತಿ ಕಲೆಹಾಕಲು ರೂಪುರೇಷೆ ಕೊಟ್ಟಿತು. 2013ರ ಆವೃತ್ತಿಯಲ್ಲಿ ಅದು 16 ಪ್ರಶ್ನೆಗಳ ಸಂದರ್ಶನವಾಯಿತು. ಅದರ ಕ್ಷೇತ್ರ ಪ್ರಯೋಗದಲ್ಲಿ ಭಾರತದ ಕೇಂದ್ರಗಳೂ ಇದ್ದವು. ಮನೆಯವರಿಗೆ ಈ ತೊಂದರೆಯನ್ನು ಹೇಗೆ ವಿವರಿಸುತ್ತೀರಿ ಎಂಬಂಥ ಪ್ರಶ್ನೆಗಳಿಂದ ಹೊರಟು, ವೈದ್ಯರ ಮತ್ತು ನಿಮ್ಮ ಹಿನ್ನೆಲೆ ಬೇರೆಯಾದುದರಿಂದ ಆತಂಕವಿದೆಯೇ ಎಂಬಲ್ಲಿಗೆ ಅದು ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಆದ ಮೇಲೆ ಫಲಿತಾಂಶ ಹೇಗಿದೆ? ತರಬೇತಿ ಪಡೆದವರ ತಿಳಿವಳಿಕೆ, ಮನೋಭಾವ ಸುಧಾರಿಸುತ್ತವೆ ಎಂಬುದಕ್ಕೆ ಆಧಾರಗಳಿವೆ. ರೋಗಿಗಳು ಅದರಿಂದ ಎಷ್ಟು ಗುಣಮುಖರಾದರು ಎಂಬುದಕ್ಕೆ ಪುರಾವೆ ತೆಳುವಾಗಿದೆ. ಚಿಕಿತ್ಸೆಯನ್ನೇ ಸಮುದಾಯಕ್ಕೆ ಒಗ್ಗಿಸಿದಾಗ ಫಲ ಹೆಚ್ಚು ಖಚಿತ. 2006ರಲ್ಲಿ ಗ್ರೈನರ್ ಮತ್ತು ಸ್ಮಿತ್ 76 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಂಗ್ಲಿಷ್ ಮನೆಮಾತಲ್ಲದವರಿಗೆ ತಾಯ್ನುಡಿಯಲ್ಲಿ ಕೊಟ್ಟ ಚಿಕಿತ್ಸೆ ಇಂಗ್ಲಿಷಿನದಕ್ಕಿಂತ ಎರಡು ಪಟ್ಟು ಪರಿಣಾಮ ಬೀರಿತ್ತು.

ಅಪಾಯವೂ ಇದೆ. ಇಂಥ ಸಮುದಾಯದವರು ಹೀಗೇ ಇರುತ್ತಾರೆ ಎಂಬ ಪಟ್ಟಿಗಳನ್ನು ಕಲಿಸಿದರೆ ಹಳೆಯ ಪೂರ್ವಗ್ರಹಕ್ಕೆ ಹೊಸ ಸರ್ಟಿಫಿಕೇಟ್ ಕೊಟ್ಟಂತೆ. ಕ್ಲೈನ್‌ಮನ್ ಮತ್ತು ಪೀಟರ್ ಬೆನ್ಸನ್ 2006ರಲ್ಲಿ ಈ ಎಚ್ಚರಿಕೆ ಕೊಟ್ಟರು. 2014ರಲ್ಲಿ ಜೊನಾಥನ್ ಮೆಟ್ಜೆಲ್ ಮತ್ತು ಹೆಲೆನಾ ಹ್ಯಾನ್ಸನ್, ಬಡತನ, ವಸತಿ, ಕಾನೂನುಗಳಂಥ ರಚನೆಗಳನ್ನು ಓದುವ ಸಾಮರ್ಥ್ಯವನ್ನೂ ವೈದ್ಯರಿಗೆ ಕಲಿಸಬೇಕೆಂದರು. ಭೂಮಿ, ಕೂಲಿ ಕಳೆದುಕೊಂಡವರ ಸಂಕಟವನ್ನು ಅವರ ಸಂಸ್ಕೃತಿ ಎಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ.

ನಮ್ಮ ಮುಂದಿರುವ ಕೆಲಸ

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗಳಿಗನುಗುಣವಾಗಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಲಿಂಗ, ಲೈಂಗಿಕ ಒಲವು, ಧರ್ಮ, ಸಂಸ್ಕೃತಿ, ಜಾತಿ, ವರ್ಗಗಳ ಭೇದವಿಲ್ಲದೆ ಸೇವೆ ಪಡೆಯುವ ಹಕ್ಕು ಕೊಟ್ಟಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಕರೆ ಸ್ವೀಕರಿಸುತ್ತದೆ. ಲೈಂಗಿಕ ಅಲ್ಪಸಂಖ್ಯಾತರನ್ನು ಗೌರವದಿಂದ ಕಾಣುವ ಆಪ್ತಸಮಾಲೋಚನೆಗೆ ಸ್ವಯಂಸೇವಾ ಸಂಸ್ಥೆಗಳು ಕೋರ್ಸ್ ನಡೆಸುತ್ತಿವೆ. ಇವೆಲ್ಲ ನಿಜವಾದ ಗಳಿಕೆ.

ಆದರೆ ಜಾತಿಯ ಅವಮಾನ ಮನಸ್ಸನ್ನು ಹೇಗೆ ಗಾಸಿಗೊಳಿಸುತ್ತದೆ ಎಂಬುದು ನಮ್ಮ ತರಬೇತಿಗಳಲ್ಲಿ ಇನ್ನೂ ಮುಖ್ಯ ಪಾಠವಾಗಿಲ್ಲ. ಅಮೆರಿಕದವರಿಗೆ ಜನಾಂಗ ಹೇಗೋ ನಮಗೆ ಜಾತಿ ಹಾಗೆ. ಅದನ್ನು ಬಿಟ್ಟು ಅವರ ಪಠ್ಯವನ್ನು ತಂದರೆ ಬ್ಲಿಡಾದ ಮೊದಲ ಸೋಲು ಇಲ್ಲಿ ಮರುಕಳಿಸುತ್ತದೆ. ಕರ್ನಾಟಕದ ಮನೋವೈದ್ಯಕೀಯ, ಮನಶ್ಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಕೋರ್ಸ್‌ಗಳು ನಾಲ್ಕು ಕೆಲಸ ಮಾಡಲಿ. ಜಾತಿ, ಲಿಂಗ, ಧರ್ಮಗಳ ಪಾಠವನ್ನು ಪರೀಕ್ಷೆಗೆ ಸೇರಿಸಲಿ. ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ ರೋಗಿಯೊಂದಿಗೆ ಮಾತಾಡುವಷ್ಟು ಕನ್ನಡ ಕಲಿಸಲಿ. ತುಳು, ಕೊಡವ, ಉರ್ದು, ಲಂಬಾಣಿ ಮಾತಾಡುವವರಿಗೆ ತರಬೇತಾದ ದುಭಾಷಿಗಳನ್ನು ಒದಗಿಸಲಿ, ಮಕ್ಕಳ ಬಾಯಿಂದ ತಾಯಿಯ ಸಂಕಟವನ್ನು ಅನುವಾದ ಮಾಡಿಸುವುದು ನಿಲ್ಲಲಿ. ದಲಿತ, ಆದಿವಾಸಿ, ಲೈಂಗಿಕ ಅಲ್ಪಸಂಖ್ಯಾತ ಸಮುದಾಯಗಳವರನ್ನು ಗೌರವಧನ ಕೊಟ್ಟು ಬೋಧಕರನ್ನಾಗಿ ಕರೆಯಲಿ. ಮೊದಲ ಭೇಟಿಯ ನಂತರ ಯಾರು ಮರಳಿ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಪ್ರತಿ ಆಸ್ಪತ್ರೆಯೂ ಲೆಕ್ಕ ಇಡಲಿ.

ಇದಕ್ಕೆ ಭಾರೀ ಯಂತ್ರಗಳು ಬೇಕಿಲ್ಲ. ಸಮಯ, ಶಿಕ್ಷಕರು, ಮತ್ತು ಆಡಳಿತದ ಆದೇಶ ಸಾಕು. ಕಾಯ್ದೆ ಕೊಟ್ಟ ಹಕ್ಕನ್ನು ತರಗತಿಗೆ, ತರಗತಿಯ ಪಾಠವನ್ನು ಹೊರರೋಗಿ ವಿಭಾಗಕ್ಕೆ ತಲುಪಿಸುವ ಹೊಣೆ ವಿಶ್ವವಿದ್ಯಾಲಯಗಳದು, ಆಸ್ಪತ್ರೆಗಳದು. ಅದನ್ನು ಕೇಳಿ ಪಡೆಯುವ ಹಕ್ಕು ನಮ್ಮೆಲ್ಲರದು.