ದೇಹೂ ರೋಡಿನಿಂದ ಬೆಟ್ಟಕ್ಕೆ: ಕಾಲು ಕಿಲೋ ತೂಕದ ಕಾಫಿ ಸರಂಜಾಮು

ಪುಣೆಯಿಂದ ಲೋಣಾವಳೆಗೆ ಹೊರಟ ಲೋಕಲ್ ರೈಲು ಆಕುರ್ಡಿ ದಾಟಿದ ಕೂಡಲೇ ನಿಲ್ಲುವುದು ದೇಹೂ ರೋಡಿನಲ್ಲಿ. ತುಕಾರಾಮರ ದೇಹೂ ಇಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಇಂದ್ರಾಯಣಿಯ ದಂಡೆಯ ಮೇಲಿದೆ. ದೇಹೂ ರೋಡ್ ಮಾತ್ರ ಸೈನ್ಯದ ಊರು: ಕಂಟೋನ್ಮೆಂಟು, ಆರ್ಡ್‌ನನ್ಸ್ ಡಿಪೊ, ಮದ್ದುಗುಂಡಿನ ಕಾರ್ಖಾನೆ. ಊರಿನ ಪಕ್ಕದಲ್ಲೇ ಘೋರಾಡೇಶ್ವರ ಗುಡ್ಡ. ಅದೇ ಲೋಕಲ್‌ನಲ್ಲಿ ಮುಂದೆ ಹೋಗಿ ಮಳವಲಿಯಲ್ಲಿ ಇಳಿದರೆ ಭಾಜೆ ಗುಹೆ, ಲೋಹಗಡ, ವಿಸಾಪುರ. ನಿಗಡಿ, ಪಿಂಪ್ರಿ, ದೇಹೂ ರೋಡ್ ಕಡೆಯ ಕನ್ನಡದ ಮನೆಗಳಲ್ಲಿ ಭಾನುವಾರ ಬೆಟ್ಟ ಹತ್ತುವವರಿಗೆ ಕೊರತೆಯಿಲ್ಲ. ಅವರಲ್ಲಿ ಹಲವರಿಗೆ ಮೇಲೆ ಕೂತು ಒಂದು ಲೋಟ ಬಿಸಿ ಕಾಫಿ ಕುಡಿಯುವ ಆಸೆ. ಅಂಗಡಿಯಲ್ಲಿ ಸಿಗುವ ಕ್ಯಾಂಪಿಂಗ್ ಒಲೆಗೆ ಸಾವಿರಗಟ್ಟಲೆ ಬೆಲೆ. ಅದೇ ಕೆಲಸವನ್ನು ಮನೆಯ ಹಳೆ ಡಬ್ಬಿಗಳೂ ಮಾಡುತ್ತವೆ. ಆದರೆ ಒಲೆ ಮಾಡುವುದು ಈ ವಿಷಯದ ಸಣ್ಣ ಭಾಗ. ಗಾಳಿಯನ್ನು ತಡೆಯುವುದು ಹೇಗೆ, ಬೆಂಕಿಯನ್ನು ಎಲ್ಲಿ ಹೊತ್ತಿಸಬಹುದು ಎಂಬ ಎರಡು ಪ್ರಶ್ನೆಗಳೇ ಮುಖ್ಯ.

ಒಂದು ಲೋಟಕ್ಕೆ ಎಷ್ಟು ಬೆಂಕಿ ಬೇಕು

ಕಾಲು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಸುಮಾರು 78 ಕಿಲೋಜೂಲ್ ಶಾಖ ಬೇಕು. ಇಂಥ ಒಲೆಯ ಇಂಧನವಾದ ಸ್ಪಿರಿಟ್ ಒಂದು ಮಿಲಿಲೀಟರಿಗೆ ಸುಮಾರು 20 ಕಿಲೋಜೂಲ್ ಕೊಡುತ್ತದೆ. ಶಾಖವೆಲ್ಲ ನೀರಿಗೇ ಹೋದರೆ ನಾಲ್ಕು ಮಿಲಿಲೀಟರು ಸಾಕು. ಹಾಗೆ ಎಂದೂ ಆಗುವುದಿಲ್ಲ. ಮನೆಯೊಳಗೆ, ಮುಚ್ಚಳ ಹಾಕಿ ಕಾಯಿಸಿದರೆ ಅರ್ಧದಷ್ಟು ಶಾಖ ಪಾತ್ರೆಗೆ ತಲುಪುತ್ತದೆ, ಎಂಟು ಮಿಲಿಲೀಟರು ಖರ್ಚಾಗುತ್ತದೆ. ಬೆಟ್ಟದ ನೆತ್ತಿಯ ಗಾಳಿಯಲ್ಲಿ ಅದು ಹದಿನೈದು, ಇಪ್ಪತ್ತಕ್ಕೆ ಏರುತ್ತದೆ. ಕೆಲವೊಮ್ಮೆ ಎಷ್ಟು ಸುಟ್ಟರೂ ನೀರು ಬೆಚ್ಚಗಾಗುವುದರಲ್ಲೇ ನಿಲ್ಲುತ್ತದೆ.

ಎತ್ತರದಿಂದ ಒಂದಿಷ್ಟು ಲಾಭವೂ ಇದೆ. ದೇಹೂ ರೋಡ್ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಸಾವಿರ ಮೀಟರ್ ದಾಟಿದ ಲೋಹಗಡದ ಮೇಲೆ 97ರ ಆಚೀಚೆ. ಬೇಳೆ ಬೇಯಿಸುವವರಿಗೆ ಇದು ತೊಡಕು, ಕಾಫಿಗೆ ಏನೂ ತೊಂದರೆಯಿಲ್ಲ. ಕಾಫಿಪುಡಿಯ ಮೇಲೆ ಹಾಕುವ ನೀರು 90ರಿಂದ 96 ಡಿಗ್ರಿ ಇದ್ದರೆ ಹದ ಚೆನ್ನಾಗಿರುತ್ತದೆ.

ಡಬ್ಬಿಯ ಒಲೆ

ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನಿಂದ ಮಾಡುವ ಸ್ಪಿರಿಟ್ ಒಲೆ ಜಗತ್ತಿನಾದ್ಯಂತ ನಡಿಗೆಯವರಿಗೆ ಗೊತ್ತು. ಖಾಲಿ ಕ್ಯಾನಿನ ತೂಕ ಹದಿನೈದು ಗ್ರಾಂ ಮುಟ್ಟುವುದಿಲ್ಲ. ಎರಡು ಕ್ಯಾನುಗಳ ತಳಭಾಗವನ್ನು ಎರಡು ಬೆರಳು ಎತ್ತರಕ್ಕೆ ಕತ್ತರಿಸಬೇಕು. ಒಂದರ ತಳದ ನಡುವಿನ ಗುಂಡಿಯನ್ನು ಕೊರೆದು ತೆಗೆದು, ಸುತ್ತ ಅಂಚಿನಲ್ಲಿ ಸೂಜಿಯಿಂದ ಹದಿನಾರರಿಂದ ಇಪ್ಪತ್ತನಾಲ್ಕು ತೂತು ಹಾಕಬೇಕು. ಉಳಿದ ಕ್ಯಾನಿನ ತಗಡಿನಿಂದ ಒಂದು ಪಟ್ಟಿ ಕತ್ತರಿಸಿ, ಉಂಗುರದಂತೆ ಸುತ್ತಿ ಒಳಗಿಟ್ಟರೆ ಅದೇ ಒಳಗೋಡೆ. ಪಟ್ಟಿಯ ಕೆಳ ಅಂಚಿನಲ್ಲಿ ಎರಡು ಮೂರು ಕಡೆ ಸಣ್ಣ ಕಚ್ಚು ಇರಲಿ, ಸ್ಪಿರಿಟ್ ಅಲ್ಲಿಂದ ಹೊರಗಿನ ಕೋಣೆಗೆ ಹರಿಯಬೇಕು. ಕೊನೆಗೆ ತೂತಿನ ಭಾಗವನ್ನು ಮೇಲು ಮಾಡಿ, ಇನ್ನೊಂದು ತಳದೊಳಕ್ಕೆ ಒತ್ತಿ ಕೂರಿಸಬೇಕು. ಕತ್ತರಿಸಿದ ತಗಡಿನ ಅಂಚು ಬ್ಲೇಡಿನಷ್ಟೇ ಹರಿತ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳದೆ ಈ ಕೆಲಸಕ್ಕೆ ಕೂರಬಾರದು.

ಕೆಲಸ ಮಾಡುವ ಬಗೆ ಚಂದವಾಗಿದೆ. ನಡುವೆ ಸ್ಪಿರಿಟ್ ಸುರಿದು ಹೊತ್ತಿಸಿದರೆ ಮೊದಲು ಮಧ್ಯದಲ್ಲಿ ಮಾತ್ರ ಉರಿ. ಅರ್ಧ ನಿಮಿಷದಿಂದ ಒಂದು ನಿಮಿಷದಲ್ಲಿ ತಗಡು ಕಾಯುತ್ತದೆ, ಎರಡು ಗೋಡೆಗಳ ನಡುವಿನ ಸ್ಪಿರಿಟ್ ಆವಿಯಾಗಿ ಸೂಜಿತೂತುಗಳಿಂದ ನುಗ್ಗುತ್ತದೆ. ಸುತ್ತ ಸಣ್ಣ ಸಣ್ಣ ನಾಲಿಗೆಗಳು ಎದ್ದು ಗ್ಯಾಸ್ ಬರ್ನರಿನ ರೂಪ ಬರುತ್ತದೆ.

ಇಷ್ಟೆಲ್ಲ ಹೇಳಿದರೂ ಹೊಸಬರಿಗೆ ನಾನು ಸೂಚಿಸುವುದು ಇದನ್ನಲ್ಲ. ಬೂಟ್ ಪಾಲಿಷಿನ ಖಾಲಿ ಡಬ್ಬಿ ಇದಕ್ಕಿಂತ ಮೇಲು. ಪಾಲಿಷ್ ಚೂರೂ ಉಳಿಯದಂತೆ ಸೋಪು ಹಾಕಿ ತೊಳೆದು, ಒಳಗೆ ಹತ್ತಿ ತುಂಬಿ, ಮೇಲೆ ಸಣ್ಣ ಕಣ್ಣಿನ ತಂತಿಜಾಲರಿ ಕೂರಿಸಿದರೆ ಒಲೆ ಸಿದ್ಧ. ಉರಿ ಸ್ವಲ್ಪ ನಿಧಾನ. ಕ್ಯಾನಿನ ಒಲೆ ನಾಲ್ಕೈದು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಇದು ಆರೇಳು ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ತಳ ಅಗಲ. ಕಾಲು ತಾಗಿ ಮಗುಚಿದರೂ ಹತ್ತಿ ಹೀರಿಕೊಂಡ ಸ್ಪಿರಿಟ್ ಹೊಳೆಯಾಗಿ ಹರಿಯುವುದಿಲ್ಲ. ಮುಚ್ಚಳ ಹಾಕಿದರೆ ಉರಿ ಆರುತ್ತದೆ. ಸೈನ್ಯದ ಊರಿನಲ್ಲಿ ಪಾಲಿಷ್ ಡಬ್ಬಿಗೆ ಬರವೂ ಇಲ್ಲ.

ಪಾತ್ರೆ ಇಡಲು ಹಾರ್ಡ್‌ವೇರ್ ಅಂಗಡಿಯ ವೆಲ್ಡ್ ಜಾಲರಿಯ ಒಂದು ತುಂಡನ್ನು ಬಳೆಯಾಗಿ ಸುತ್ತಿದರೆ ಸಾಕು. ಒಲೆಯ ಬಾಯಿಗೂ ಪಾತ್ರೆಯ ತಳಕ್ಕೂ ಮೂರು ನಾಲ್ಕು ಸೆಂಟಿಮೀಟರ್ ಅಂತರ ಬೇಕು. ಕಡಿಮೆಯಾದರೆ ಉರಿಗೆ ಉಸಿರು ಸಾಲದು, ಹೆಚ್ಚಾದರೆ ಶಾಖವೆಲ್ಲ ಗಾಳಿಪಾಲು. ಪಾತ್ರೆಯ ವಿಷಯದಲ್ಲಿ ನಮ್ಮವರ ಕೈ ಮೊದಲು ಹೋಗುವುದು ಸ್ಟೀಲ್ ಚೊಂಬಿನತ್ತ. ಚೊಂಬಿನ ತಳ ಕಿರಿದು, ಉರಿ ಪಕ್ಕದಿಂದ ಜಾರಿ ಹೋಗುತ್ತದೆ. ಅರ್ಧ ಲೀಟರಿನ ಅಗಲ ತಳದ ಅಲ್ಯೂಮಿನಿಯಂ ಪಾತ್ರೆ ಹಗುರವೂ ಹೌದು, ಬೇಗ ಕಾಯುತ್ತದೆ. ಹಿಡಿಯಲು ಅಡುಗೆಮನೆಯ ಇಕ್ಕಳ ಇದ್ದೇ ಇದೆ.

ಗಾಳಿಮರೆ

ಒಲೆಯ ಸುತ್ತ ನಿಲ್ಲಿಸುವ ತಗಡಿನ ತೂಕ ಇಪ್ಪತ್ತು ಗ್ರಾಂ, ಆದರೆ ಇಡೀ ಸರಂಜಾಮಿನಲ್ಲಿ ಅತಿ ಹೆಚ್ಚು ದುಡಿಯುವುದು ಅದೇ. ಸ್ವೀಡನ್ನಿನ ಟ್ರಾಂಗಿಯಾ ಕಂಪನಿ 1951ರಲ್ಲಿ ತಂದ ಸ್ಪಿರಿಟ್ ಒಲೆ ಇಂದಿಗೂ ಮಾರಾಟವಾಗುತ್ತಿದೆ. ಅದರ ಬರ್ನರಿನಲ್ಲಿ ಹೆಚ್ಚಿನ ಮಾಯೆಯೇನಿಲ್ಲ. ಪಾತ್ರೆಯನ್ನು ಅರ್ಧಕ್ಕೂ ಹೆಚ್ಚು ಒಳಗೆ ಇಳಿಸಿಕೊಂಡು ಗಾಳಿಗೆ ಅಡ್ಡ ನಿಲ್ಲುವ ಕವಚವೇ ಅದರ ಗುಟ್ಟು.

ನಮ್ಮಲ್ಲೇ ಇದರ ಪಾಠ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಸೌದೆ ಒಲೆಯನ್ನು ಕೈಗೆತ್ತಿಕೊಂಡಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಬಹುಪಾಲು ಪಾತ್ರೆಗೆ ತಲುಪದೇ ಹಾರಿಹೋಗುತ್ತದೆ. ಅಲ್ಲಿಂದ ಹುಟ್ಟಿದ ಅಸ್ತ್ರ ಒಲೆ ಉರಿಯನ್ನು ಮುಚ್ಚಿ, ಗಾಳಿ ಬರುವ ದಾರಿಯನ್ನು ಅಳತೆಯಲ್ಲಿಟ್ಟು, ಬಿಸಿ ಹೊಗೆ ಪಾತ್ರೆಗಳ ತಳ ಸವರಿಕೊಂಡೇ ಹೊರಹೋಗುವಂತೆ ಮಾಡಿತು. ಸೌದೆ ಬದಲಾಗಲಿಲ್ಲ, ಉರಿಯ ಸುತ್ತಲಿನ ಗೋಡೆ ಬದಲಾಯಿತು. ಅಂಗೈಯಗಲದ ಸ್ಪಿರಿಟ್ ಒಲೆಗೂ ಅದೇ ನಿಯಮ.

ಮನೆಯಲ್ಲಿ ಮಾಡುವುದಾದರೆ ಪಾರ್ಸಲ್ ಊಟ ಬರುವ ಅಲ್ಯೂಮಿನಿಯಂ ತಟ್ಟೆಯನ್ನು ಕತ್ತರಿಸಿ ಪಟ್ಟಿ ಮಾಡಬಹುದು, ಇಲ್ಲವೇ ಚಪಾತಿ ಸುತ್ತುವ ಫಾಯಿಲನ್ನು ಏಳೆಂಟು ಮಡಿಕೆ ಮಡಚಬಹುದು. ಪಾತ್ರೆಗೂ ಮರೆಗೂ ನಡುವೆ ಒಂದು ಬೆರಳಿನ ಸಂದು ಬಿಡಬೇಕು, ಕೆಳಗಡೆ ಗಾಳಿಗೆ ತೂತು ಇರಬೇಕು. ಪಾತ್ರೆಗೆ ಅದೇ ಫಾಯಿಲಿನ ಮುಚ್ಚಳ. ಇಂಥ ಮರೆಯನ್ನು ಗ್ಯಾಸ್ ಡಬ್ಬಿಯ ಮೇಲೆ ಕೂರುವ ಒಲೆಗೆ ಎಂದೂ ಸುತ್ತಬಾರದು, ಡಬ್ಬಿ ಕಾದು ಸಿಡಿಯುವ ಅಪಾಯವಿದೆ.

ಸ್ಪಿರಿಟ್ಟಿನ ಸ್ವಭಾವ

ಮರಗೆಲಸದವರು ಪಾಲಿಷಿಗೆ ಬಳಸುವ ಡಿನೇಚರ್ಡ್ ಸ್ಪಿರಿಟ್ ಇದಕ್ಕೆ ಸರಿ. ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಬೇಕು. ಕುಡಿಯಬಾರದೆಂದೇ ಅದರಲ್ಲಿ ವಿಷ ಬೆರೆಸಿರುತ್ತಾರೆ, ಆದ್ದರಿಂದ ನೀರಿನ ಬಾಟಲಿಯಲ್ಲಿ ತುಂಬಿಡುವುದು ದೊಡ್ಡ ತಪ್ಪು. ಚಿಕ್ಕ, ಬೇರೆ ಬಣ್ಣದ ಬಾಟಲಿ, ಮೇಲೆ ದಪ್ಪ ಅಕ್ಷರದ ಚೀಟಿ ಇರಲಿ. ಅಳೆಯಲು ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆಯಿರುವ ಮುಚ್ಚಳ ಹೇಳಿ ಮಾಡಿಸಿದಂತಿದೆ. ಐಸೊಪ್ರೊಪೈಲಿನ ಸ್ಯಾನಿಟೈಸರೂ ಉರಿಯುತ್ತದೆ, ಪಾತ್ರೆಯ ತಳಕ್ಕೆ ಮಸಿ ಬಳಿಯುತ್ತದೆ. ಪೆಟ್ರೋಲು, ಸೀಮೆಎಣ್ಣೆ ಈ ಒಲೆಗೆ ಸಲ್ಲವು.

ಸ್ಪಿರಿಟ್ಟಿನ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಅವಘಡಗಳ ಮೂಲ ಇದೇ. ಒಲೆ ಆರಿತೆಂದು ಬಗೆದು ಬಾಟಲಿಯಿಂದ ಇನ್ನಷ್ಟು ಸುರಿಯುತ್ತಾರೆ, ಉರಿ ಧಾರೆ ಹಿಡಿದು ಬಾಟಲಿಗೇ ಏರುತ್ತದೆ. ಆರಿದ ಮೇಲೂ ಪಾತ್ರೆಯನ್ನು ಪಕ್ಕಕ್ಕಿಟ್ಟು, ಅಂಗೈಯನ್ನು ದೂರದಿಂದ ಮೇಲೆ ಹಿಡಿದು ಬಿಸಿ ನೋಡಿ, ಡಬ್ಬಿ ತಣ್ಣಗಾದ ಮೇಲಷ್ಟೇ ಮತ್ತೆ ತುಂಬಬೇಕು. ಟೆಂಟಿನೊಳಗೆ ಉರಿಸಲೇಬಾರದು.

ಬಿಲ್ಲೆ, ಮೇಣದಬತ್ತಿ, ಸೌದೆ

ಸೈನಿಕರ ಚೀಲದಲ್ಲಿ ಸ್ಪಿರಿಟ್ಟಿನ ಬದಲು ಹೆಕ್ಸಮೀನಿನ ಬಿಳಿ ಬಿಲ್ಲೆ ಇರುತ್ತದೆ. ಜರ್ಮನಿಯಲ್ಲಿ 1936ರಲ್ಲಿ ಎಸ್ಬಿಟ್ ಎಂಬ ಹೆಸರಿನಲ್ಲಿ ಬಂದ ಇದು ಚೆಲ್ಲುವುದಿಲ್ಲ, ಸೋರುವುದಿಲ್ಲ, ವರ್ಷಗಟ್ಟಲೆ ಕೆಡುವುದಿಲ್ಲ. ಹದಿನಾಲ್ಕು ಗ್ರಾಮಿನ ಒಂದು ಬಿಲ್ಲೆಯಲ್ಲಿ ಅರ್ಧ ಲೀಟರ್ ನೀರು ಕುದಿಯುತ್ತದೆ. ಹೊಗೆಗೆ ಮೀನಿನ ವಾಸನೆ, ಒಳಗೆಳೆದುಕೊಂಡರೆ ಗಂಟಲು ಉರಿ. ಸೈನಿಕರ ಊಟದ ಸಿದ್ಧ ಪೊಟ್ಟಣಗಳ ಬಗ್ಗೆ ಸಂಶೋಧನೆ ನಡೆಸಲು 1961ರಲ್ಲಿ ಶುರುವಾದ ರಕ್ಷಣಾ ಆಹಾರ ಪ್ರಯೋಗಾಲಯ ಇದ್ದದ್ದು ನಮ್ಮ ಮೈಸೂರಿನಲ್ಲೇ ಎಂಬುದನ್ನು ಇಲ್ಲಿ ನೆನೆಯಬಹುದು.

ಮೇಣದಬತ್ತಿಯಲ್ಲಿ ಕಾಫಿ ಮಾಡುವ ವಿಡಿಯೊಗಳು ಬಹಳ ಓಡಾಡುತ್ತವೆ. ಲೆಕ್ಕ ಹಾಕಿದರೆ ಅದರ ಬಂಡವಾಳ ಬಯಲಾಗುತ್ತದೆ. ಸಣ್ಣ ಬತ್ತಿಯ ಶಾಖ ಮೂವತ್ತು ನಲವತ್ತು ವಾಟ್. ಒಂದು ಹನಿ ಶಾಖವೂ ಪೋಲಾಗದಿದ್ದರೂ ಕಾಲು ಲೀಟರ್ ಕುದಿಯಲು ಅರ್ಧ ಗಂಟೆ ದಾಟುತ್ತದೆ. ಬಯಲಿನಲ್ಲಿ ಅದು ಎಂದೂ ಕುದಿಯುವುದಿಲ್ಲ. ಪುಳ್ಳೆ ಕಟ್ಟಿಗೆಯ ಡಬ್ಬಿ ಒಲೆಗೆ ಇಂಧನ ಹೊರುವ ಕೆಲಸವಿಲ್ಲ ನಿಜ, ಆದರೆ ಸಹ್ಯಾದ್ರಿಯಲ್ಲಿ ನಾಲ್ಕು ತಿಂಗಳು ಕಟ್ಟಿಗೆ ನೆನೆದಿರುತ್ತದೆ, ಬೇಸಿಗೆಯಲ್ಲಿ ಒಂದು ಕಿಡಿಗೆ ಇಡೀ ಗುಡ್ಡದ ಒಣಹುಲ್ಲು ಹೊತ್ತುತ್ತದೆ.

ಎಲ್ಲಿ ಹೊತ್ತಿಸಬಾರದು

ದೇಹೂ ರೋಡಿನವರಿಗೆ ಇದು ಬರೀ ನೀತಿಯ ಮಾತಲ್ಲ. ಮದ್ದುಗುಂಡಿನ ಡಿಪೊದ ಸುತ್ತ ಮನೆ ಕಟ್ಟುವುದಕ್ಕೇ ನಿರ್ಬಂಧವಿರುವ ‘ರೆಡ್ ಝೋನ್’ ಇದೆ. ಸೈನ್ಯದ ಬೇಲಿಯ ಆಸುಪಾಸಿನ ಬಯಲಿನಲ್ಲಿ ಒಲೆ ಹೊತ್ತಿಸುವ ಮಾತೇ ಇಲ್ಲ.

ಲೋಕಲ್ ರೈಲಿನ ವಿಷಯ ಇನ್ನೂ ಸ್ಪಷ್ಟ. ಸ್ಪಿರಿಟ್, ಗ್ಯಾಸ್ ಡಬ್ಬಿಯಂಥ ಉರಿಯುವ ಸಾಮಾನು ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯ 67 ಮತ್ತು 164ನೇ ಕಲಮುಗಳ ಪ್ರಕಾರ ಅಪರಾಧ; ಮೂರು ವರ್ಷದವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದು ಚಿಕ್ಕ ಬಾಟಲಿ ಸ್ಪಿರಿಟ್ಟಿಗೆ ಇಷ್ಟೆಲ್ಲ ಏಕೆ ಎನ್ನುವವರು 2023ರ ಆಗಸ್ಟ್ 26ರ ಮದುರೈ ದುರಂತವನ್ನು ನೆನೆಯಲಿ. ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಕದ್ದುಮುಚ್ಚಿ ಒಯ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹೊತ್ತಿ ಒಂಬತ್ತು ಜನ ತೀರಿಕೊಂಡರು. ಬೆಳಗಿನ ಚಹಾ ಮಾಡಲು ಹೊರಟದ್ದೇ ಅದಕ್ಕೆ ಕಾರಣವೆಂದು ಆಗ ವರದಿಯಾಗಿತ್ತು.

ಬೆಟ್ಟದ ಮೇಲೂ ನಿಯಮಗಳಿವೆ. ಭಾಜೆ ಗುಹೆ, ಲೋಹಗಡ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಸ್ಮಾರಕಗಳಲ್ಲಿ ಅನುಮತಿಸಿದ ಜಾಗ ಬಿಟ್ಟು ಅಡುಗೆ ಮಾಡುವಂತಿಲ್ಲ. ಲೋಹಗಡವಂತೂ 2025ರ ಜುಲೈಯಿಂದ, ಇನ್ನೂ ಹನ್ನೊಂದು ಮರಾಠಾ ಕೋಟೆಗಳ ಜೊತೆಯಲ್ಲಿ, ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮೀಸಲು ಕಾಡಿನಲ್ಲಿ ಬೆಂಕಿ ಹೊತ್ತಿಸುವುದನ್ನು 1927ರ ಅರಣ್ಯ ಕಾಯ್ದೆಯ 26ನೇ ಕಲಮು ತಡೆಯುತ್ತದೆ. ಹಾಗಾದರೆ ಈ ಒಲೆಗೆ ಜಾಗ ಎಲ್ಲಿ? ಪವನಾ ಜಲಾಶಯದ ದಂಡೆಯ ಕ್ಯಾಂಪುಗಳಲ್ಲಿ, ಜಾಗದವರು ಒಪ್ಪಿದರೆ. ಪರಿಚಿತ ರೈತರ ಹೊಲದ ಬದುವಿನಲ್ಲಿ, ಅವರನ್ನು ಕೇಳಿ. ಮನೆಯ ಮಾಳಿಗೆಯ ಮೇಲೆ. ಹೋಗುವುದು ಸ್ವಂತ ಗಾಡಿಯಲ್ಲಿ.

ಬೆಂಕಿಯಿಲ್ಲದ ಸರಂಜಾಮು

ಲೋಕಲ್ ಹಿಡಿದು ಹೋಗಿ ಸಂಜೆಗೆ ಮರಳುವವರಿಗೆ ಒಲೆಯೇ ಬೇಡ. ಅರ್ಧ ಲೀಟರಿನ ಸ್ಟೀಲ್ ಥರ್ಮಾಸ್ ಮುನ್ನೂರು ಗ್ರಾಮಿನ ಆಸುಪಾಸು ತೂಗುತ್ತದೆ. ಒಲೆ, ಪಾತ್ರೆ, ಮರೆ, ಸ್ಪಿರಿಟ್ ಎಲ್ಲ ಸೇರಿದ ಕಾಲು ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಜೇಮ್ಸ್ ಡ್ಯೂಯರ್ 1892ರಲ್ಲಿ ದ್ರವರೂಪದ ಅನಿಲಗಳನ್ನು ತಂಪಾಗಿಡಲು ಕಂಡುಹಿಡಿದ ನಿರ್ವಾತ ಪಾತ್ರೆ ಇದು, ಬಿಸಿಯನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ತುಂಬುವ ಮೊದಲು ಐದು ನಿಮಿಷ ಕುದಿನೀರು ಹಾಕಿಟ್ಟು ಚೆಲ್ಲಬೇಕು, ಬಾಯಿಯವರೆಗೆ ತುಂಬಬೇಕು. ಸಿದ್ಧ ಕಾಫಿಯನ್ನು ತುಂಬುವುದಕ್ಕಿಂತ ಬರೀ ಕುದಿನೀರು ತುಂಬುವುದು ಜಾಣತನ. ಗಂಟೆಗಟ್ಟಲೆ ಬಿಸಿಯಲ್ಲಿ ಕೂತ ಹಾಲಿನ ಕಾಫಿಗೆ ಬೇರೆಯೇ ವಾಸನೆ ಬರುತ್ತದೆ, ಹಾಲು ಕೆಡುವುದೂ ಉಂಟು.

ಚೀಲದೊಳಗಿನ ಪುಡಿಗಳು

ಬೆಳಿಗ್ಗೆ ಫಿಲ್ಟರಿನಲ್ಲಿ ಇಳಿಸಿದ ಗಟ್ಟಿ ಡಿಕಾಕ್ಷನ್ ಒಂದು ಪುಟ್ಟ ಬಾಟಲಿಯಲ್ಲಿ ಸಂಜೆಯವರೆಗೆ ಚೆನ್ನಾಗಿರುತ್ತದೆ. ಹಾಲಿನ ಪುಡಿಯನ್ನು ಮೊದಲು ತಣ್ಣೀರಿನ ಎರಡು ಚಮಚದಲ್ಲಿ ಕಲಸಿ, ಆಮೇಲೆ ಬಿಸಿನೀರು, ಕೊನೆಗೆ ಡಿಕಾಕ್ಷನ್. ಕ್ರಮ ತಪ್ಪಿದರೆ ಗಂಟು ಗಂಟು. ಅಲ್ಲೇ ಸೋಸಬೇಕೆನ್ನುವವರಿಗೆ ಮಲೆನಾಡಿನ ಮನೆಗಳ ಕಾಫಿ ಸೋಸುವ ಬಟ್ಟೆ ಇದೆ, ಫಿಲ್ಟರಿನ ಭಾರ ತಪ್ಪುತ್ತದೆ. ಸ್ಪಿರಿಟ್ ಒಲೆಯ ಮೇಲೆ ಹಾಲು ಕಾಯಿಸುವ ಸಾಹಸ ಬೇಡ: ತೆಳು ಪಾತ್ರೆಯಲ್ಲಿ ತಳ ಹಿಡಿಯುತ್ತದೆ, ಉಕ್ಕಿ ಒಲೆಯನ್ನೇ ಆರಿಸುತ್ತದೆ. ಚಹಾಕ್ಕೆ ಹಸಿಶುಂಠಿಯ ಬದಲು ಒಣಶುಂಠಿ ಪುಡಿ ಒಯ್ದರೆ ಹಾಲು ಒಡೆಯುವ ಭಯ ಕಡಿಮೆ, ತೂಕವೂ ಇಲ್ಲ.

ನನ್ನನ್ನು ಕೇಳಿದರೆ ಬೆಟ್ಟಕ್ಕೆ ಹೊಂದುವುದು ಕಷಾಯ. ಹುರಿದ ಕೊತ್ತಂಬರಿ, ಜೀರಿಗೆ, ಸೋಂಪು, ಸ್ವಲ್ಪ ಮೆಂತ್ಯ, ಕಾಳುಮೆಣಸು ಕೂಡಿಸಿ ಪುಡಿ ಮಾಡಿ, ಒಂದು ಲೋಟಕ್ಕೆ ಒಂದು ಚಮಚದಂತೆ ಕಾಗದದ ಪೊಟ್ಟಣ ಕಟ್ಟಿಟ್ಟರೆ ತಿಂಗಳಾದರೂ ಘಮ ಹೋಗುವುದಿಲ್ಲ. ಕುದಿಯುವ ನೀರಿಗೆ ಪುಡಿ, ಒಂದು ಉಂಡೆ ಬೆಲ್ಲ, ಎರಡು ನಿಮಿಷ. ಹಾಲು ಹಾಕದೆಯೇ ಕುಡಿಯಬಹುದು. ಕೋಟೆಯ ಟಾಕೆಯಿಂದ (ಬಂಡೆಯಲ್ಲಿ ಕೊರೆದ ತೊಟ್ಟಿಯಿಂದ) ತಂದ ನೀರನ್ನು ಕ್ಯಾಂಪಿನಲ್ಲಿ ಬಳಸುವುದಾದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಒಂದು ನಿಮಿಷ ಕುದಿಸಿ ಆಮೇಲೆ ಪುಡಿ ಹಾಕಬೇಕು. ಈ ಎತ್ತರದಲ್ಲಿ ರೋಗಾಣುಗಳಿಗೆ ಅಷ್ಟು ಸಾಕು, ಕೆಸರಿನ ರುಚಿಯನ್ನು ಕಾಳುಮೆಣಸು ನೋಡಿಕೊಳ್ಳುತ್ತದೆ.