ವ್ಯಸನವೂ ಸ್ಮೃತಿಯೂ: ಪ್ರಾಣಿಪ್ರಯೋಗಗಳ ಚರಿತ್ರೆಯ ಒಂದು ಘಟ್ಟ

ಸೂಳೆಕೆರೆಯಿಂದ ಚನ್ನಗಿರಿಯ ಕಡೆಗೆ ಹೊರಟವರಿಗೆ ಅಡಕೆಯ ತೋಟಗಳು ಕಣ್ಣಿಗೆ ಬೀಳದಿರವು. ಊಟ ಮುಗಿದೊಡನೆ ಕೈ ತಾನಾಗಿ ಎಲೆಯಡಕೆಯ ಸಂಚಿಗೆ ಹೋಗುವುದು ಈ ಸೀಮೆಯವರಿಗೆ ಹೊಸ ಸಂಗತಿಯಲ್ಲ. ಅಡಕೆಯಲ್ಲಿನ ಅರೆಕೊಲಿನ್ ಎಂಬ ಕ್ಷಾರವು ನರಗಳನ್ನು ಉದ್ದೀಪಿಸುವುದು ದಿಟವೇ. ಆದರೆ ಆ ಕ್ಷಾರಕ್ಕೆ ಊಟದ ವೇಳೆ ತಿಳಿಯದು. ವೇಳೆಯನ್ನು ಅರಿತಿರುವುದು ಕಲಿತ ಮಿದುಳು. ಚಟವನ್ನು ಮನೋದೌರ್ಬಲ್ಯವೆಂದೇ ಬಹುಕಾಲ ಬಗೆದದ್ದುಂಟು. ಅದು ಕಲಿಕೆಯ ಒಂದು ಬಗೆಯೆಂಬ ವಿಚಾರವು ಬಲಗೊಂಡದ್ದು ಪ್ರಯೋಗಶಾಲೆಯ ಪ್ರಾಣಿಗಳಿಂದ.

ಪಾವ್ಲಫನ ಗ್ರಂಥವು 1927ರಲ್ಲಿ ಇಂಗ್ಲಿಷಿಗೆ ಬಂದಾಗಲೇ ಅದರಲ್ಲೊಂದು ಸೂಚನೆಯಿತ್ತು: ಹಲವು ದಿನ ಮಾರ್ಫಿನ್ ಚುಚ್ಚಿಸಿಕೊಂಡ ನಾಯಿಗೆ, ಮದ್ದು ಒಳಸೇರುವ ಮುನ್ನ, ಚುಚ್ಚುವ ಸಿದ್ಧತೆಯನ್ನು ಕಂಡೇ ಜೊಲ್ಲು ಸುರಿಯುತ್ತಿತ್ತು. ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ ವಿಕ್ಲರನು ಮದ್ದು ಬಿಟ್ಟು ತಿಂಗಳುಗಳಾದವರಲ್ಲಿಯೂ ಅದರ ಮಾತೆತ್ತಿದೊಡನೆ ಆಕಳಿಕೆ, ಕಣ್ಣೀರು ತೋರುವುದನ್ನು ಗಮನಿಸಿ, ಈ ಯಾತನೆಯೂ ಕಲಿತದ್ದೇ ಇರಬೇಕೆಂದು ಊಹಿಸಿದನು. 1967ರಲ್ಲಿ ಪೆಸ್ಕರನೊಡನೆ ಇಲಿಗಳ ಮೇಲೆ ಅದನ್ನು ಪರೀಕ್ಷಿಸಿದನು. ಯಾತನೆಯುಂಡ ಪಂಜರಕ್ಕೆ ಮರಳಿದ ಇಲಿಗಳು ಮತ್ತೆ ಮೈ ಕೊಡವಿದವು.

ಇವುಗಳಿಗಿಂತ ಕಠೋರವಾದುದು ಕೆನಡಾದ ಸೀಗಲ್ ಮತ್ತು ಸಂಗಡಿಗರ 1982ರ ಪ್ರಯೋಗ. ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆ ಒಮ್ಮೆಗೆ ಅತಿ ಪ್ರಮಾಣ ಕೊಟ್ಟಾಗ, ಎಂದಿನ ಸ್ಥಳದಲ್ಲಿದ್ದವುಗಳಲ್ಲಿ ಶೇಕಡ 32ರಷ್ಟು ಸತ್ತವು. ಬೇರೆಡೆ ಇದ್ದವುಗಳಲ್ಲಿ ಶೇಕಡ 64ರಷ್ಟು. ಮದ್ದನ್ನೇ ಕಂಡರಿಯದವುಗಳಲ್ಲಿ ಶೇಕಡ 96ರಷ್ಟು. ಪ್ರಮಾಣ ಒಂದೇ, ಇಲಿಗಳ ಪೂರ್ವಾಭ್ಯಾಸವೂ ಒಂದೇ. ಮೊದಲ ಎರಡು ಗುಂಪುಗಳನ್ನು ಬೇರ್ಪಡಿಸಿದುದು ಸ್ಥಳದ ನೆನಪು ಮಾತ್ರ.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲುಂಟು. ಮಿದುಳಿಗೆ ವಿದ್ಯುದಗ್ರವನ್ನು ಇಳಿಸಿ, ಸನ್ನೆಯೊತ್ತಿದಾಗ ಮಿಂಚು ತಾಕುವಂತೆ ಮಾಡಿದರೆ ಇಲಿಯು ಅದನ್ನು ಒತ್ತುತ್ತಲೇ ಇರುತ್ತದೆಂದು ಓಲ್ಡ್ಸ್ ಮತ್ತು ಮಿಲ್ನರ್ ಮಾಂಟ್ರಿಯಲ್ಲಿನಲ್ಲಿ ಪ್ರಕಟಿಸಿದುದು 1954ರಲ್ಲಿ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪನೆಯಾದದ್ದೂ ಅದೇ ವರ್ಷ. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಅಲ್ಲಿ ಶಂಕರನಾರಾಯಣ ರಾವ್, ದೇಸಿರಾಜು, ರಾಜು ಅವರು ಇದೇ ವಿಧಾನವನ್ನು ಕೈಗೊಂಡು 1993ರಲ್ಲಿ ಪ್ರಕಟಿಸಿದ ಪ್ರಬಂಧವು ನಮಗೆ ಬಹು ಮುಖ್ಯವಾಗಿ ತೋರುತ್ತದೆ. ಸ್ವಯಂ ಉದ್ದೀಪನದ ಸುಖವನ್ನುಂಡ ಇಲಿಗಳ ಮಿದುಳಿನಲ್ಲಿ, ಸ್ಮೃತಿಗೆ ಆಧಾರವಾದ ಹಿಪೊಕ್ಯಾಂಪಸ್ಸಿನ ಮತ್ತು ಚಲನೆಯನ್ನಾಳುವ ಕವಚದ ಜೀವಕೋಶಗಳು ಹೆಚ್ಚು ಕವಲೊಡೆದಿದ್ದವು. ಅಂಥ ಇಲಿಗಳು ಹೊಸ ಪಾಠಗಳನ್ನು ಬೇಗ ಕಲಿತವೆಂದು 1998ರ ಮತ್ತೊಂದು ಪ್ರಬಂಧ ತಿಳಿಸಿತು. ಇಲ್ಲಿ ಮದ್ದು ಇರಲಿಲ್ಲ; ಆದುದರಿಂದ ಮದ್ದು ಬುದ್ಧಿಯನ್ನು ಬೆಳೆಸುತ್ತದೆಂದು ಯಾರೂ ಅರ್ಥೈಸಬಾರದು. ಆದರೆ ಮದ್ದು ಹಿಡಿಯುವ ದಾರಿಗಳಲ್ಲಿ ಇದೇ ಸುಖದ ನರಮಾರ್ಗ ಪ್ರಧಾನವಾದುದು. ಸುಖವು ಮಿದುಳಿನ ಆಕೃತಿಯನ್ನೇ ತಿದ್ದಬಲ್ಲದೆಂದ ಮೇಲೆ "ಮನಸ್ಸು ಗಟ್ಟಿಮಾಡಿಕೋ" ಎಂಬ ಹಿತವಚನವೊಂದೇ ಸಾಲದೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಅಂಶವು ಚಿಕಿತ್ಸಕರಿಗೆ ಸಂಬಂಧಿಸಿದ್ದು. ಕ್ರೊಂಬಾಗ್ ಮತ್ತು ಶಹಾಮ್ 2002ರಲ್ಲಿ, ಒಂದು ಪಂಜರದಲ್ಲಿ ಮದ್ದಿಗಾಗಿ ಸನ್ನೆಯೊತ್ತುವುದನ್ನು ಕಲಿತ ಇಲಿಗಳಿಗೆ ಬೇರೊಂದು ಪಂಜರದಲ್ಲಿ ಆ ಅಭ್ಯಾಸವನ್ನು ಬಿಡಿಸಿದರು. ಹಳೆಯ ಪಂಜರಕ್ಕೆ ಮರಳಿಸಿದೊಡನೆ ಇಲಿಗಳು ಮತ್ತೆ ಸನ್ನೆಯೊತ್ತತೊಡಗಿದವು. ಹೊಸ ಪಾಠವು ಹಳೆಯದನ್ನು ಅಳಿಸಿರಲಿಲ್ಲ. ಅದನ್ನು ಕಲಿತೆಡೆಯಲ್ಲಿ ಮಾತ್ರ ಮುಚ್ಚಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕುಡಿತ ಬಿಟ್ಟು ಚನ್ನಗಿರಿಯ ಬಸ್ಸಿಳಿಯುವವನಿಗೆ ಎದುರಾಗುವುದು ಹಳೆಯ ಬೀದಿ, ಹಳೆಯ ಗೆಳೆಯರು, ಹಳೆಯ ಸಂಜೆ; ಅವನ ಚಿಕಿತ್ಸೆಯ ಉತ್ತರಾರ್ಧವು ಅಲ್ಲಿಯೇ ನಡೆಯತಕ್ಕದ್ದು.